ಬರಹಗಾರರಿಗೆ ಸಲಹೆ: ಬೀರುವಿನ ಪಟ್ಟಿ ಬಿಡಿ, ಎರವಲು ಪುಸ್ತಕ ತೆರೆಯಿರಿ

ಪ್ರಿಯ ಮೇಷ್ಟ್ರೇ,

ನಮಸ್ಕಾರ. ‘ಶಾಲಾ ರಂಗಭೂಮಿಗೊಂದು ಸಂಪನ್ಮೂಲ ಗ್ರಂಥಾಲಯ’ ಎಂಬ ನಿಮ್ಮ ಲೇಖನ ಬಂದು ತಲುಪಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಪ್ರಕಟಿಸುತ್ತೇನೆ. ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮುರಿದ ಬೆಂಚುಗಳನ್ನು ಪೇರಿಸಿಟ್ಟಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಅಲ್ಲಿ ನಾಟಕದ ಪುಸ್ತಕ, ಬಟ್ಟೆ, ಮುಖವಾಡ, ವಾದ್ಯಗಳನ್ನು ಒಟ್ಟುಮಾಡಿ ಮಕ್ಕಳ ಕೈಗೆ ಕೊಡುತ್ತಿರುವವರು ನೀವು. ನೀವು ಮಾಡಿದ ಕೆಲಸ ನಿಮ್ಮ ಬರಹಕ್ಕಿಂತ ಬಹಳ ದೊಡ್ಡದು. ಅದಕ್ಕೇ ಈ ಪತ್ರ ಉದ್ದವಾಗಿದೆ.

ಮೊದಲು ಕತ್ತರಿ ಹಾಕಬೇಕಾದ ಜಾಗ. ಲೇಖನದ ಮೊದಲ ಮೂರು ಪುಟಗಳು ಭರತಮುನಿಯಿಂದ ಹೊರಟು, ವೃತ್ತಿರಂಗಭೂಮಿಯನ್ನು ಹಾದು, ಹೆಗ್ಗೋಡಿಗೆ ಬಂದು ನಿಲ್ಲುತ್ತವೆ. ಮೂರನ್ನೂ ತೆಗೆದುಬಿಡಿ. ನಮ್ಮ ಓದುಗರಲ್ಲಿ ಬಹುಪಾಲು ಶಿಕ್ಷಕರು. ನಾಟ್ಯವನ್ನು ಪಂಚಮವೇದ ಎನ್ನುತ್ತಾರೆಂದು ಅವರಿಗೆ ನಾವು ಹೇಳಬೇಕಾಗಿಲ್ಲ. ನಾಳೆ ಬೆಳಿಗ್ಗೆ ತಮ್ಮ ಶಾಲೆಯಲ್ಲಿ ಇಂಥದ್ದೊಂದು ಕೋಣೆ ಮಾಡಬೇಕಾದರೆ ಎಲ್ಲಿಂದ ಕೈಹಚ್ಚಬೇಕು ಎಂಬುದು ಅವರ ಪ್ರಶ್ನೆ. ಅಲ್ಲದೆ ಆ ಪುಟಗಳಲ್ಲಿ ಒಂದು ತಪ್ಪು ನುಸುಳಿದೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1980ರಲ್ಲಿ ಹುಟ್ಟಿತು ಎಂದು ಬರೆದಿದ್ದೀರಿ. ನೀನಾಸಂ ಶುರುವಾದದ್ದು 1949ರಲ್ಲಿ. 1980ರಲ್ಲಿ ಬಂದದ್ದು ಅದರ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಂಡ ‘ತಿರುಗಾಟ’. ಒಂದು ಊರಿನವರು ತಮ್ಮ ಖುಷಿಗೆ ನಾಟಕ ಆಡುತ್ತಾ ಮೂವತ್ತು ವರ್ಷ ಕಳೆದ ಮೇಲೆ ಅಲ್ಲಿ ಶಿಕ್ಷಣ ಕೇಂದ್ರ ನಿಂತಿತು. ಒಂದು ಕೋಣೆ, ಒಂದು ಬೀರು ಇಟ್ಟುಕೊಂಡು ಹೊರಟ ನಿಮಗೆ ಧೈರ್ಯ ಕೊಡಬೇಕಾದ ಸಂಗತಿ ಅದು.

ನಾಲ್ಕನೆಯ ಪುಟದಿಂದ ಪಟ್ಟಿ ಆರಂಭವಾಗುತ್ತದೆ. ನಾಟಕ ಪುಸ್ತಕ ಇಷ್ಟು, ಸೀರೆ ಇಷ್ಟು, ಕಿರೀಟ ಇಷ್ಟು, ತಮಟೆ ಎರಡು, ತಾಳ ನಾಲ್ಕು ಜೊತೆ. ದಾಸ್ತಾನು ವಹಿಗೆ ಇದು ಸರಿ. ಓದುಗನಿಗೆ ಇದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಯಾವ ವಸ್ತು ದಿನವೂ ಹೊರಗೆ ಹೋಗುತ್ತದೆ, ಯಾವುದು ತಂದ ದಿನದಿಂದ ಮೂಲೆಯಲ್ಲೇ ಬಿದ್ದಿದೆ ಎಂದು ಪಟ್ಟಿ ಹೇಳುವುದಿಲ್ಲ.

ಆದರೆ ಎಂಟನೆಯ ಪುಟದ ಕೊನೆಯಲ್ಲಿ, ಹೇಳದಿದ್ದರೂ ನಡೆಯುತ್ತದೆ ಎಂಬಂತೆ, ಒಂದು ವಿಷಯ ಬರೆದಿದ್ದೀರಿ. ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿ ಎರವಲು ಬರೆಯುವ ಒಂದು ನೋಟ್‌ಬುಕ್ ನೇತುಹಾಕಿದ್ದೀರಿ. ಕೋಣೆಯಿಂದ ಏನು ಒಯ್ದರೂ, ಯಾಕೆ ಒಯ್ದೆವು ಎಂದು ಮಕ್ಕಳೇ ಅದರಲ್ಲಿ ಬರೆಯುತ್ತಾರೆ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ‘ಕಂಬಳಿ ಎರಡು. ಆನೆ ಮಾಡಲು’ ಎಂದು ಬರೆದಿದ್ದಳು. ಇಷ್ಟು ಹೇಳಿ, ‘ಹೀಗೆ ಮಕ್ಕಳ ಸೃಜನಶೀಲತೆ ಅರಳುತ್ತದೆ’ ಎಂದು ಪ್ಯಾರಾ ಮುಗಿಸಿಬಿಟ್ಟಿದ್ದೀರಿ.

ಮೇಷ್ಟ್ರೇ, ನಿಮ್ಮ ಲೇಖನ ಇರುವುದೇ ಅಲ್ಲಿ. ಆನೆಯ ಬೆನ್ನಾಗಿ ಬಾಗಿದವರು ಯಾರು? ಎರಡು ಕಂಬಳಿಯಲ್ಲಿ ಸೊಂಡಿಲು ಎಲ್ಲಿಂದ ಬಂತು? ಮೂಡಿಗೆರೆ, ಸಕಲೇಶಪುರ, ಬೇಲೂರು, ಆಲೂರಿನ ಕಡೆಯ ಮಗುವಿಗೆ ಆನೆ ಎಂದರೆ ರಾತ್ರಿ ತೋಟಕ್ಕೆ ಇಳಿಯುವ ಆನೆ. ಬೆಳಿಗ್ಗೆ ಶಾಲೆಯ ದಾರಿಯಲ್ಲಿ ನಿಂತಿರಬಹುದಾದ ಆನೆ. ಕೂಲಿಗೆ ಹೋದ ಅಪ್ಪ ತಿರುಗಿ ಮನೆ ಸೇರುವ ತನಕ ಅಮ್ಮ ಬಾಗಿಲಲ್ಲಿ ಕಾಯುವಂತೆ ಮಾಡಿದ ಆನೆ. ಆ ಭಯವನ್ನು ಮಕ್ಕಳು ಕಂಬಳಿ ಹೊದ್ದು ತಾವೇ ಆಡಿ ನೋಡಿದರು. ಆ ಆಟದಲ್ಲಿ ಆನೆ ಕೊನೆಗೆ ಏನಾಯಿತು? ಓಡಿಸಿದರೇ, ದಾರಿ ಬಿಟ್ಟರೇ? ಇದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಎರಡು ಪುಟ ತೆಗೆದುಕೊಂಡು ಬಿಡಿಸಿ ಬರೆಯಿರಿ.

ಆ ಹುಡುಗಿಯ ಮನೆಮಾತು ತಮಿಳು ಎಂದು ಬೇರೊಂದು ಪುಟದಲ್ಲಿ, ಬೇರೆ ಸಂದರ್ಭದಲ್ಲಿ ಹೇಳಿದ್ದೀರಿ. ಎರಡೂ ಮಾತನ್ನು ಒಂದೆಡೆ ತನ್ನಿ. ನಿಮ್ಮ ತರಗತಿಯಲ್ಲಿ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಮಕ್ಕಳಿದ್ದಾರೆ. ಒಬ್ಬರ ಮನೆಯಲ್ಲಿ ತಮಿಳು, ಇನ್ನೊಬ್ಬರದು ತುಳು, ಈಚೆಗೆ ಬಂದ ಕುಟುಂಬಗಳಲ್ಲಿ ಅಸ್ಸಾಮಿ. ಕನ್ನಡದ ಸಂಭಾಷಣೆ ಬಾಯಿಪಾಠ ಮಾಡಿ ಒಪ್ಪಿಸಬೇಕಾದ ನಾಟಕದಲ್ಲಿ ಈ ಮಕ್ಕಳಿಗೆ ಸಿಗುವುದು ದ್ವಾರಪಾಲಕನ ಪಾತ್ರ. ಕಂಬಳಿ ಕೈಗೆ ಸಿಕ್ಕರೆ ನಾಟಕವನ್ನೇ ಕಟ್ಟುತ್ತಾರೆ. ನೀವು ಅಡಿಟಿಪ್ಪಣಿಯಲ್ಲಿ ಹೆಸರು ಮಾತ್ರ ಹಾಕಿ ಬಿಟ್ಟಿರುವ ಅಮೆರಿಕದ ರಂಗಶಿಕ್ಷಕಿ ವಯೋಲಾ ಸ್ಪೋಲಿನ್ ಮಾಡಿದ್ದೂ ಇಂಥ ಕೆಲಸವೇ. ಷಿಕಾಗೋ ನಗರಕ್ಕೆ ನಾನಾ ದೇಶಗಳಿಂದ ವಲಸೆ ಬಂದ ಕುಟುಂಬಗಳ ಮಕ್ಕಳ ನಡುವೆ ಭಾಷೆಯ ಅಡ್ಡಗೋಡೆ ದಾಟಲು ಆಕೆ ರಂಗದಾಟಗಳನ್ನು ರೂಪಿಸಿದರು. ಆ ಆಟಗಳ ಪುಸ್ತಕ 1963ರಲ್ಲಿ ಅಚ್ಚಾಯಿತು. ಹೆಸರು ಹೇಳಿ ಸುಮ್ಮನಾಗಬೇಡಿ, ಒಂದು ಆಟ ಆಡಿಸಿ ತೋರಿಸಿ. ಇಬ್ಬರು ಎದುರುಬದುರು ನಿಂತು ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕನ್ನಡಿಯಲ್ಲಿ ಕಂಡಂತೆ ಮಾಡುವ ಆಟ ನಿಮ್ಮ ಮಕ್ಕಳಿಗೆ ಗೊತ್ತಿದೆ, ನೀವು ಕಳಿಸಿದ ಫೋಟೋದಲ್ಲೇ ಇದೆ. ಆ ಫೋಟೋಕ್ಕೆ ಒಂದು ಸಾಲಿನ ವಿವರಣೆಯನ್ನೂ ಬರೆದಿಲ್ಲ.

ಇನ್ನು ನಿಷ್ಠುರವಾಗಿ ಹೇಳಲೇಬೇಕಾದ ಒಂದು ಮಾತು. ಹಿರಿಯ ಕಲಾವಿದರೊಬ್ಬರು ಕೊಟ್ಟ ಹಳೆಯ ಬಣ್ಣದ ಪೆಟ್ಟಿಗೆಯಲ್ಲಿ ಕೆಂಪು ಬಣ್ಣದ ಇಂಗಳೀಕ, ಹಳದಿ ಬಣ್ಣದ ಅರದಳ ಇವೆ, ಮಕ್ಕಳಿಗೆ ಸಾಂಪ್ರದಾಯಿಕ ಮುಖವರ್ಣಿಕೆ ಕಲಿಸಲು ಅವನ್ನು ಬಳಸಬಹುದು ಎಂದು ಬರೆದಿದ್ದೀರಿ. ಇದನ್ನು ನಾನು ಯಾವ ಕಾರಣಕ್ಕೂ ಅಚ್ಚು ಹಾಕುವುದಿಲ್ಲ. ಇಂಗಳೀಕದಲ್ಲಿ ಪಾದರಸ ಇದೆ, ಅರದಳದಲ್ಲಿ ಆರ್ಸೆನಿಕ್ ಇದೆ. ಪೆಟ್ಟಿಗೆಯನ್ನು ಮಕ್ಕಳ ಕೈಗೆ ಎಟುಕದ ಕಡೆ ಬೀಗ ಹಾಕಿ ಇಡಿ. ಅದನ್ನು ಕೊಟ್ಟ ಹಿರಿಯರ ಬಳಿ ಕುಳಿತು ಬಣ್ಣದ ಹಿಂದಿನ ಕಥೆ ಬರೆದುಕೊಳ್ಳಿ, ಅದು ನಿಮ್ಮ ಸಂಗ್ರಹಕ್ಕೆ ಸೇರಬೇಕಾದ ಅಮೂಲ್ಯ ವಸ್ತು. ಮಕ್ಕಳ ಮುಖಕ್ಕೆ ಮಾತ್ರ ಅಕ್ಕಿಹಿಟ್ಟು, ಅರಿಶಿನ, ಮನೆಯಲ್ಲಿ ಮಾಡಿದ ಕಾಡಿಗೆ ಸಾಕು. ಹಿಂದಿನ ದಿನವೇ ಮುಂಗೈಗೆ ಹಚ್ಚಿ ನೋಡಲಿ. ತೆಗೆಯಲು ಕೊಬ್ಬರಿ ಎಣ್ಣೆ. ಒಬ್ಬರ ಕಣ್ಣಿಗೆ ಬಳಸಿದ ಕಡ್ಡಿಯನ್ನು ಇನ್ನೊಬ್ಬರಿಗೆ ಬಳಸಬಾರದು. ಕೃತಕ ಕೂದಲಿನ ಟೋಪನ್‌ಗಳನ್ನು ಹಾಕಿಕೊಳ್ಳುವ ಮೊದಲು ತಲೆಗೊಂದು ಬಟ್ಟೆ ಕಟ್ಟಿಕೊಳ್ಳಬೇಕು. ಇಂಥವನ್ನು ಬರೆಯಿರಿ; ಓದಿದ ಶಿಕ್ಷಕರು ಮರುದಿನವೇ ಬಳಸುತ್ತಾರೆ.

ನಾಟಕ ಪುಸ್ತಕಗಳ ಭಾಗ ಸುಧಾರಿಸಬೇಕು. ಎಷ್ಟು ಪುಸ್ತಕ ಇವೆ ಎಂಬುದಕ್ಕಿಂತ, ಬೇಕಾದದ್ದು ಹೇಗೆ ಸಿಗುತ್ತದೆ ಎಂದು ಹೇಳಿ. ಪ್ರತಿಭಾ ಕಾರಂಜಿ ಹತ್ತಿರ ಬಂದಾಗ ಶಿಕ್ಷಕರು ಬೀರುವಿನ ಮುಂದೆ ನಿಂತು ಬೆನ್ನಿನ ಹೆಸರು ಓದಿ ಪುಸ್ತಕ ಆರಿಸುತ್ತಾರೆ, ತಾಲೀಮು ಅರ್ಧವಾದ ಮೇಲೆ ಪಾತ್ರ ಸಾಲದು ಎಂದು ಗೊತ್ತಾಗುತ್ತದೆ. ಪ್ರತಿ ಪುಸ್ತಕದ ಒಳಗೆ ಒಂದು ರಟ್ಟಿನ ಚೀಟಿ ಇರಲಿ. ಪಾತ್ರ ಎಷ್ಟು, ಅವುಗಳಲ್ಲಿ ಹುಡುಗ ಹುಡುಗಿ ಯಾರು ಬೇಕಾದರೂ ಮಾಡಬಹುದಾದವು ಎಷ್ಟು, ಗುಂಪಾಗಿ ಹಾಡಿ ಆಡುವ ಮೇಳಕ್ಕೆ ಜಾಗ ಇದೆಯೇ, ಆಡಲು ಎಷ್ಟು ಹೊತ್ತು, ಯಾವ ಪರಿಕರ ಇಲ್ಲದಿದ್ದರೆ ನಡೆಯುವುದೇ ಇಲ್ಲ, ಹಿಂದೆ ಆಡಿದವರಿಗೆ ಎಲ್ಲಿ ತೊಡಕಾಯಿತು. ಮೇಳದ ವಿಷಯ ಮುಖ್ಯ. ಇಡೀ ತರಗತಿ ರಂಗದ ಮೇಲೆ ಇರಬಹುದಾದ ನಾಟಕ ಯಾವುದು ಎಂದು ತಿಳಿದರೆ, ಆರು ಮಕ್ಕಳು ಆಡಿ ಉಳಿದವರು ಕಿಟಕಿಯಲ್ಲಿ ನಿಂತು ನೋಡುವುದು ತಪ್ಪುತ್ತದೆ.

ಕೃತಿಸ್ವಾಮ್ಯದ ಹಕ್ಕಿನ ಬಗ್ಗೆ ಬರೆದದ್ದನ್ನು ಪೂರ್ತಿ ತಿದ್ದಬೇಕು. ಕುವೆಂಪು ಅವರ ಮಕ್ಕಳ ನಾಟಕ ‘ಮೋಡಣ್ಣನ ತಮ್ಮ’ ಈಗ ಎಲ್ಲರ ಸ್ವತ್ತು, ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳಬಹುದು ಎಂದಿದ್ದೀರಿ. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕವಿಯ ಮೇಲೆ ನಮಗೆಲ್ಲ ಇರುವ ಸಲಿಗೆ ಕಾನೂನಿನಲ್ಲಿ ನಡೆಯುವುದಿಲ್ಲ. ನಮ್ಮ ದೇಶದಲ್ಲಿ ಲೇಖಕರ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ ಹಕ್ಕು 2054ರ ಕೊನೆಯವರೆಗೆ ಇದೆ. ನಾಟಕಕಾರ ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಅವರ ಜೀವಿತಕಾಲದಲ್ಲೇ ಅಚ್ಚಾದ ನಾಟಕಗಳಿಗೆ ಈ ಅಡ್ಡಿ ಇಲ್ಲ. ಆದರೂ ಅವರ ಪಾತ್ರಗಳ ಮಾತಿನಲ್ಲಿ ಅರ್ಧಕ್ಕರ್ಧ ಇಂಗ್ಲಿಷ್ ಇರುವುದರಿಂದ ನಿಮ್ಮ ಮಕ್ಕಳ ನಾಲಿಗೆಗೆ ಅದು ಸುಲಭವಲ್ಲ ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಕಡೆ, ನೀವು ಅನಗತ್ಯವಾಗಿ ಹೆದರಿದ್ದೀರಿ. ಶಾಲೆಯ ಚಟುವಟಿಕೆಯಾಗಿ ಶಿಕ್ಷಕರು, ವಿದ್ಯಾರ್ಥಿಗಳು ಆಡಿ, ನೋಡುವವರೂ ಶಾಲೆಯವರು, ಪೋಷಕರು ಮಾತ್ರ ಆಗಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಅದಕ್ಕೆ ವಿನಾಯಿತಿ ಕೊಡುತ್ತದೆ. ಅದೇ ನಾಟಕವನ್ನು ಊರಿನ ಜಾತ್ರೆಯ ವೇದಿಕೆಗೆ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರಕ್ಕೆ ಅಥವಾ ಹಾಸನದ ಹಾಸನಾಂಬ ಕಲಾಕ್ಷೇತ್ರಕ್ಕೆ ಒಯ್ದು ಸಾರ್ವಜನಿಕರ ಮುಂದೆ ಆಡುವುದಾದರೆ ಈ ವಿನಾಯಿತಿಯನ್ನು ನೆಚ್ಚಿಕೊಳ್ಳದೆ ಅನುಮತಿ ಕೇಳಿ. ಪಾಠಕ್ಕೆ ಬೇಕಾದಷ್ಟು ನಕಲು ಮಾಡಿಕೊಳ್ಳುವುದು ಒಂದು ವಿಷಯ; ಇಡೀ ಪುಸ್ತಕವನ್ನು ಪಿಡಿಎಫ್ ಮಾಡಿ ಜಿಲ್ಲೆಯ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಂಚುವ ನಿಮ್ಮ ಯೋಜನೆ ಬೇರೆಯೇ ವಿಷಯ. ಅದನ್ನು ಕೈಬಿಡಿ. ಕನ್ನಡದಲ್ಲಿ ಮಕ್ಕಳ ನಾಟಕ ಬರೆಯುವವರೂ ಅಚ್ಚು ಹಾಕುವವರೂ ಕೆಲವರೇ. ಅವರ ಪುಸ್ತಕ ಕೊಂಡುಕೊಳ್ಳುವುದು ನಮ್ಮಂಥವರ ಹೊಣೆ.

ದಾನಿಗಳು ಕೊಟ್ಟ ಹಣದ ದೊಡ್ಡ ಪಾಲು ಕಿರೀಟ, ಭುಜಕೀರ್ತಿ, ಗದೆಗಳಿಗೆ ಹೋಯಿತು, ಈಗ ಅವು ಪೆಟ್ಟಿಗೆಯಲ್ಲೇ ಇವೆ ಎಂದು ಒಪ್ಪಿಕೊಂಡಿದ್ದೀರಿ. ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಇದನ್ನು ಇನ್ನಷ್ಟು ವಿವರಿಸಿ, ಮೊತ್ತವನ್ನೂ ಬರೆಯಿರಿ. ಊರೂರಲ್ಲಿ ಪೌರಾಣಿಕ ನಾಟಕ ನೋಡಿ ಬೆಳೆದ ನಮಗೆ ನಾಟಕ ಎಂದ ಕೂಡಲೇ ಮಿಂಚುವ ಕಿರೀಟ ನೆನಪಾಗುವುದು ಸಹಜ. ಆದರೆ ದೊಡ್ಡವರ ಅಳತೆಯ ಕಿರೀಟ ಮಗುವಿನ ಹುಬ್ಬಿನ ಕೆಳಗೆ ಇಳಿಯುತ್ತದೆ, ಮತ್ತು ಅದು ಕಿರೀಟವಲ್ಲದೆ ಬೇರೇನೂ ಆಗಲಾರದು. ಕಂಬಳಿ, ಬಿದಿರ ಕೋಲು, ಕಾಫಿ ತುಂಬುವ ಗೋಣಿ, ಉದ್ದನೆಯ ಪಂಚೆ ಏನು ಬೇಕಾದರೂ ಆಗುತ್ತವೆ.

ಭಾಷೆಯ ಬಗ್ಗೆ ಒಂದೇ ಉದಾಹರಣೆ ಕೊಡುತ್ತೇನೆ. ‘ಲಭ್ಯವಿರುವ ಸ್ಥಳೀಯ ಸಂಪನ್ಮೂಲಗಳನ್ನು ಬಳಸಿಕೊಂಡು ಕಡಿಮೆ ವೆಚ್ಚದ ರಂಗಪರಿಕರಗಳ ನಿರ್ಮಾಣ ಕಾರ್ಯವನ್ನು ಕೈಗೊಳ್ಳಲಾಯಿತು’ ಎಂದು ಬರೆದಿದ್ದೀರಿ. ಇದು ಇಲಾಖೆಗೆ ಕಳಿಸುವ ವರದಿಯ ಕನ್ನಡ. ಫೋಟೋದಲ್ಲಿ ಕಾಣುವುದನ್ನೇ ಬರೆದರೆ ಹೀಗಾಗುತ್ತದೆ: ‘ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿದೆವು. ಮೆತ್ತಗಾದ ಮೇಲೆ ಕಣ್ಣು, ಮೂಗಿನ ಜಾಗ ಕತ್ತರಿಸಿ, ಬಾಗಿಸಿ, ಹಗ್ಗ ಬಿಗಿದು ಒಣಗಲು ಇಟ್ಟೆವು. ಒಣಗಿದ ಹಾಳೆ ಮುಖವಾಡವಾಯಿತು.’ ಕೈಗೊಳ್ಳಲಾಯಿತು, ಅಳವಡಿಸಲಾಯಿತು, ಹಮ್ಮಿಕೊಳ್ಳಲಾಯಿತು ಎಂದು ಬರೆದ ಕಡೆಯಲ್ಲೆಲ್ಲ ಯಾರು ಮಾಡಿದರು ಎಂದು ಕೇಳಿಕೊಂಡು ಆ ಮಗುವನ್ನೋ ಅಡುಗೆಯವರನ್ನೋ ವಾಕ್ಯಕ್ಕೆ ಕರೆತನ್ನಿ.

ಮಳೆಗಾಲದ ಬಗ್ಗೆ ನೀವು ಏನೂ ಬರೆಯದಿರುವುದು ಆಶ್ಚರ್ಯ. ಮಲೆನಾಡಿನಲ್ಲಿ ಜೂನ್ ಬಂದರೆ ಹಾಳೆ ಮುಖವಾಡಕ್ಕೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುತ್ತದೆ, ತಮಟೆಯ ಚರ್ಮ ಸಡಿಲವಾಗಿ ದನಿ ಸತ್ತುಹೋಗುತ್ತದೆ. ಬೀರುವನ್ನು ಗೋಡೆಯಿಂದ ಎಷ್ಟು ದೂರ ಇಟ್ಟಿರಿ, ಬಿಸಿಲು ಬಿದ್ದ ದಿನ ಯಾರು ಎಲ್ಲವನ್ನೂ ಹೊರಗೆ ಹರವುತ್ತಾರೆ, ತಮಟೆಯನ್ನು ಎಲ್ಲಿ ಕಾಯಿಸುತ್ತೀರಿ? ಕಡೂರು, ಅರಸೀಕೆರೆಯ ಬಯಲಿನ ಶಾಲೆಗಳಿಗೆ ಗೆದ್ದಲು, ದೂಳಿನ ಕಾಟ, ನಿಮಗೆ ತೇವದ ಕಾಟ. ಮಲೆನಾಡಿನ ಶಿಕ್ಷಕರು ಈ ಭಾಗವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ಸುಗ್ಗಿ ಕುಣಿತದ ಹಾಡುಗಳನ್ನು ಊರಿನ ಹಿರಿಯರಿಂದ ಮೊಬೈಲಿನಲ್ಲಿ ಹಿಡಿದಿಟ್ಟಿದ್ದೀರಿ. ಈ ಕಡತಗಳು ನಿಮ್ಮ ಒಬ್ಬರ ಮೊಬೈಲಿನಲ್ಲಿ ಮಾತ್ರ ಇರುವುದು ಅಪಾಯ. ಇಂದೇ ಇನ್ನೆರಡು ಕಡೆ ನಕಲು ಮಾಡಿ. ಹಾಡಿದವರು ಯಾರು, ಯಾವ ಊರು, ಯಾವ ದಿನ, ಮಕ್ಕಳು ನಾಟಕದಲ್ಲಿ ಬಳಸಲು ಅವರು ಒಪ್ಪಿದ್ದಾರೆಯೇ ಎಂದು ಪ್ರತಿಯೊಂದಕ್ಕೂ ಬರೆದಿಡಿ.

ಹೊಸ ಲೇಖನ ಆರು ಪುಟ ಮೀರದಿರಲಿ. ಆನೆಯ ಪ್ರಸಂಗದಿಂದ ಆರಂಭಿಸಿ, ಕೋಣೆಯ ವಿವರ ಆಮೇಲೆ ಬರಲಿ. ಗಣಪತಿ ಹಬ್ಬದೊಳಗೆ ಕೈಸೇರಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಡುತ್ತೇನೆ. ನೋಟ್‌ಬುಕ್ಕಿನ ಎರಡು ಪುಟಗಳ ಚಿತ್ರವನ್ನೂ ಕಳಿಸಿ. ಮಕ್ಕಳ ಹೆಸರಿನ ಮೇಲೆ ಒಂದು ಚೀಟಿ ಇಟ್ಟು ಚಿತ್ರ ತೆಗೆಯಿರಿ. ಆ ಹುಡುಗಿಯನ್ನೂ ಕೇಳಿ ನೋಡಿ. ಆನೆ ಹೇಗೆ ಮಾಡಿದೆವು ಎಂದು ಅವಳು ಅರ್ಧ ಪುಟ ಬರೆದರೆ, ಅಲ್ಲಲ್ಲಿ ತಮಿಳು ಬೆರೆತಿದ್ದರೂ ಸರಿ, ಒಂದಕ್ಷರ ತಿದ್ದದೆ ನಿಮ್ಮ ಲೇಖನದ ಪಕ್ಕದಲ್ಲೇ ಹಾಕುತ್ತೇನೆ. ಗೌರವಧನವನ್ನು ಅವಳಿಗೆ ಪ್ರತ್ಯೇಕವಾಗಿ ಕಳಿಸುತ್ತೇನೆ.

ಇಂತಿ ನಿಮ್ಮವನು,
ಸಂಪಾದಕ
ಚಿಕ್ಕಮಗಳೂರು