ಸಿಮ್ ಮಲಗಿದ ದಿನ ಕಾರಿನಲ್ಲಿ ಏನೇನು ನಿಲ್ಲುತ್ತೆ?

ಪ್ರಶ್ನೆ: ಮೇಡಂ, ಎಲೆಕ್ಟ್ರಿಕ್ ಕಾರು ಬುಕ್ ಮಾಡಿ ತಿಂಗಳುಗಳೇ ಕಳೆದವು. ಡೆಲಿವರಿ ದಿನಾಂಕ ಮುಂದಕ್ಕೆ ಹೋಗುತ್ತಲೇ ಇದೆ. ಅದಾದರೂ ಹೋಗಲಿ. ಬುಕ್ ಮಾಡುವಾಗ ಬ್ರೋಷರ್‌ನಲ್ಲಿ ‘ಕನೆಕ್ಟೆಡ್ ಸೇವೆ ಮೂರು ವರ್ಷ ಉಚಿತ’ ಅಂತಿತ್ತು. ಕಾರಿನೊಳಗಿನ ಸಿಮ್ ಮೂಲಕ ಸಿಗುವ ಇಂಟರ್‌ನೆಟ್, ಆ್ಯಪ್ ಸೌಲಭ್ಯಗಳು ಅವು. ಈಗ ಅದೇ ಕಂಪನಿಯ ವೆಬ್‌ಸೈಟಿನಲ್ಲಿ ‘ಮೊದಲ ವರ್ಷ ಉಚಿತ, ನಂತರ ಪ್ಲಾನ್ ಪ್ರಕಾರ’ ಅಂತಿದೆ. ಪ್ಲಾನ್‌ಗಳ ಹೆಸರೂ ಬದಲಾಗಿವೆ. ಸೇಲ್ಸ್‌ನವರನ್ನು ಕೇಳಿದರೆ ‘ಕಾರು ಬರಲಿ ಸರ್, ಆಮೇಲೆ ನೋಡೋಣ’ ಅನ್ನುತ್ತಾರೆ. ನನ್ನ ಹೆಂಡತಿ ‘ಕೂಸು ಹುಟ್ಟೋಕೆ ಮುಂಚೆ ಕುಲಾವಿ’ ಅಂತ ನಗುತ್ತಾಳೆ. ಬುಕ್ಕಿಂಗ್ ಇಟ್ಟುಕೊಳ್ಳಲೋ, ರದ್ದು ಮಾಡಲೋ?
— ಕಾದು ಸುಸ್ತಾದ ಓದುಗ

ಉತ್ತರ: ಈಗಲೇ ರದ್ದು ಮಾಡಬೇಡಿ. ಆದರೆ ‘ಆಮೇಲೆ ನೋಡೋಣ’ ಅನ್ನುವ ಮಾತನ್ನೂ ಒಪ್ಪಬೇಡಿ. ಈ ಅಂಕಣ ಬರೆಯುವ ಮೊದಲು ನಾನು ಬಹಳ ವರ್ಷ ಮೊಬೈಲ್ ಕಂಪನಿಯೊಂದರ ಬಿಲ್ಲಿಂಗ್ ವಿಭಾಗದಲ್ಲಿದ್ದವಳು. ‘ಉಚಿತ’ ಅನ್ನುವ ಪದದ ತಲೆ ಮೇಲೆ ಒಂದು ಪುಟ್ಟ ನಕ್ಷತ್ರ ಇರುತ್ತಲ್ಲ, ಅದರ ವಿವರವನ್ನು ಪುಟದ ಯಾವ ಮೂಲೆಗೆ ಹಾಕಬೇಕು, ಅಕ್ಷರ ಎಷ್ಟು ಸಣ್ಣದಿರಬೇಕು ಅಂತ ಗಂಟೆಗಟ್ಟಲೆ ಮೀಟಿಂಗ್ ನಡೆಯುವುದನ್ನು ನೋಡಿದ್ದೇನೆ. ಕೊನೆಗೆ ಅಲ್ಲಿ ಬಂದು ಕೂರುವುದು ಒಂದೇ ಸಾಲು: ‘ಷರತ್ತುಗಳು ಮುನ್ಸೂಚನೆ ಇಲ್ಲದೆ ಬದಲಾಗಬಹುದು’. ಹಾಗಾಗಿ ಮನೆಯವರಿಗೆ ಹೇಳಿ, ಈ ಕುಲಾವಿಯನ್ನು ಮೊದಲೇ ಹೊಲಿಸಿಟ್ಟುಕೊಳ್ಳಬೇಕು.

ನಿಮ್ಮ ವಿಷಯದಲ್ಲಿ ಎರಡು ದಿನಾಂಕಗಳಿವೆ. ಒಂದು ಬುಕ್ ಮಾಡಿದ ದಿನ, ಇನ್ನೊಂದು ಕಾರು ಕೈಗೆ ಬರುವ ದಿನ. ಯಾವ ದಿನದ ನಿಯಮ ನಿಮಗೆ ಲಾಗೂ ಆಗುತ್ತದೆ ಅನ್ನುವುದರಲ್ಲೇ ಎಲ್ಲ ಇದೆ. ಟೆಸ್ಲಾ ಮಾಡಿದ್ದನ್ನು ನೋಡಿ. 2018ರ ಮಧ್ಯಭಾಗಕ್ಕೆ ಮೊದಲು ಆರ್ಡರ್ ಮಾಡಿದವರಿಗೆ ಅವರ ‘ಪ್ರೀಮಿಯಂ ಕನೆಕ್ಟಿವಿಟಿ’ (ಹಾಡು, ವಿಡಿಯೋ, ಸ್ಯಾಟಲೈಟ್ ಮ್ಯಾಪ್ ಇರುವ ಮೇಲ್ದರ್ಜೆಯ ಪ್ಲಾನ್) ತಿಂಗಳ ಶುಲ್ಕವಿಲ್ಲದೆ ಸಿಕ್ಕಿತು. ನಂತರದವರಿಗೆ ಅದು ಅಮೆರಿಕದಲ್ಲಿ ತಿಂಗಳಿಗೆ 9.99 ಡಾಲರ್ ಆಯಿತು. ಸಾದಾ ಸಂಪರ್ಕವಾದರೂ ಕಾರು ಇರುವಷ್ಟು ಕಾಲ ಇರುತ್ತದೆ ಅಂದುಕೊಂಡಿದ್ದರೆ, 2022ರ ಜುಲೈ 20ರ ನಂತರ ಆರ್ಡರ್ ಮಾಡಿದವರಿಗೆ ಅದನ್ನೂ 8 ವರ್ಷಕ್ಕೆ ಇಳಿಸಿದರು. ಇಲ್ಲಿ ಒಂದು ಸೂಕ್ಷ್ಮ ಇದೆ. ನೀವು ಯಾವ ಗುಂಪಿಗೆ ಸೇರುತ್ತೀರಿ ಅನ್ನುವುದು ಆರ್ಡರ್ ಮಾಡಿದ ದಿನದ ಮೇಲೆ. ಆದರೆ 8 ವರ್ಷದ ಲೆಕ್ಕ ಶುರುವಾಗುವುದು ಕಾರು ಹೊಸದಾಗಿ ಡೆಲಿವರಿ ಆದ ದಿನದಿಂದ. ಇದು ಕಾಯುವವರ ಪಾಲಿಗೆ ನ್ಯಾಯವಾದ ಪದ್ಧತಿ. ನಿಮ್ಮ ಕಂಪನಿಯೂ ಹೀಗೇ ಮಾಡುತ್ತದೆ ಅಂತ ಊಹಿಸಿಕೊಂಡು ಕೂರಬೇಡಿ. ಕೇಳಿ.

ಫೋನಿನಲ್ಲಲ್ಲ, ಮೇಲ್‌ನಲ್ಲಿ ಕೇಳಿ. ಸುಮ್ನೆ ‘ಕನೆಕ್ಟಿವಿಟಿ ಬಗ್ಗೆ ತಿಳಿಸಿ’ ಅಂತ ಬರೆದರೆ ಬಣ್ಣದ ಬ್ರೋಷರ್ ಇನ್ನೊಂದು ಕಳಿಸುತ್ತಾರೆ. ಹೀಗೆ ಬರೆಯಿರಿ: ‘ನಾನು ಇಂಥ ದಿನ, ಇಂಥ ವೇರಿಯಂಟ್ ಬುಕ್ ಮಾಡಿದ್ದೇನೆ. ಆ ದಿನದ ಬ್ರೋಷರ್ ಲಗತ್ತಿಸಿದ್ದೇನೆ. ಅದರಲ್ಲಿರುವ ಮೂರು ವರ್ಷದ ಉಚಿತ ಸೇವೆ ನನ್ನ ಕಾರಿಗೆ ಅನ್ವಯಿಸುತ್ತದೆಯೇ? ಅವಧಿ ಎಣಿಸುವುದು ಸೇವೆ ಆ್ಯಕ್ಟಿವೇಟ್ ಆದ ದಿನದಿಂದಲೋ, ಕಾರು ನನಗೆ ಕೊಟ್ಟ ದಿನದಿಂದಲೋ? ಮುಗಿದ ಮೇಲೆ ನಾನು ಏನೂ ಕಟ್ಟದಿದ್ದರೆ ಯಾವ ಯಾವ ಕೆಲಸ ನಿಲ್ಲುತ್ತವೆ? ಪಟ್ಟಿ ಕೊಡಿ.’ ಆ್ಯಕ್ಟಿವೇಟ್ ಅನ್ನುವ ಪ್ರಶ್ನೆ ಬಿಡಬೇಡಿ. ಡೀಲರ್ ಯಾರ್ಡ್‌ನಲ್ಲಿ ನಿಂತಿರುವಾಗಲೇ ಯಾರೋ ಸಿಸ್ಟಂ ಆನ್ ಮಾಡಿದ್ದರೆ ನಿಮ್ಮ ಉಚಿತ ದಿನಗಳು ಅಲ್ಲೇ ಸವೆಯುತ್ತಿರಬಹುದು. ಡೆಮೊ ಕಾರನ್ನೇ ಕಡಿಮೆ ಬೆಲೆಗೆ ಕೊಡುತ್ತೇವೆ ಅಂದರಂತೂ ಇದನ್ನು ಮೊದಲು ಕೇಳಬೇಕು.

ಬುಕ್ ಮಾಡಿದ ದಿನದ ಬ್ರೋಷರ್ ಪಿಡಿಎಫ್ ಇದೆ ತಾನೆ? ಇಲ್ಲದಿದ್ದರೆ ಬುಕ್ಕಿಂಗ್ ಮೇಲ್, ಆರ್ಡರ್ ಫಾರಂ ಹುಡುಕಿ ತೆಗೆದಿಡಿ. ಇವತ್ತಿನ ವೆಬ್‌ಸೈಟಿನ ಸ್ಕ್ರೀನ್‌ಶಾಟ್ ಕೂಡ ಇರಲಿ. ನಾಳೆ ಅದೂ ಬದಲಾಗುತ್ತದೆ.

ಈಗ ಮುಖ್ಯ ವಿಷಯ. ಶುಲ್ಕ ಎಷ್ಟು ಅನ್ನುವುದಕ್ಕಿಂತ, ಶುಲ್ಕ ಕಟ್ಟದ ದಿನ ಏನು ಉಳಿಯುತ್ತದೆ ಅನ್ನುವುದು ದೊಡ್ಡದು. ಕಾರಿನ ಕೆಲಸಗಳಲ್ಲಿ ಕೆಲವು ಕಾರಿನೊಳಗೇ ನಡೆಯುತ್ತವೆ. ಕೆಲವಕ್ಕೆ ಪಕ್ಕದಲ್ಲಿ ನಿಮ್ಮ ಫೋನ್ ಇದ್ದರೆ ಸಾಕು. ಇನ್ನು ಕೆಲವು ಮಾತ್ರ ಕಾರಿನ ಸಿಮ್ ಮೂಲಕ ಕಂಪನಿಯ ಸರ್ವರ್‌ಗೆ ಹೋಗಿ ಬರಬೇಕು. ದುಡ್ಡು ಕೇಳುವ ನ್ಯಾಯ ಇರುವುದು ಈ ಮೂರನೆಯದಕ್ಕೆ ಮಾತ್ರ, ನನ್ನ ಪ್ರಕಾರ. ಬಿಎಂಡಬ್ಲ್ಯು 2022ರಲ್ಲಿ ಕೆಲವು ದೇಶಗಳಲ್ಲಿ ಸೀಟು ಬಿಸಿ ಮಾಡುವುದಕ್ಕೆ ತಿಂಗಳ ಶುಲ್ಕ ಇಟ್ಟಿತು. ಹೀಟರ್ ಸೀಟಿನೊಳಗೇ ಇದೆ, ತಂತಿ ಇದೆ, ಬಟನ್ ಇದೆ. ಸರ್ವರ್‌ಗೆ ಅಲ್ಲೇನು ಕೆಲಸ? ಜನ ಬೈದರು, ಮರುವರ್ಷ ಕಂಪನಿ ಆ ಯೋಚನೆ ಕೈಬಿಟ್ಟಿತು. ಅದೇ ಕಂಪನಿ ಅದಕ್ಕೂ ಮೊದಲು, ಐಫೋನಿನ ಆ್ಯಪ್‌ಗಳನ್ನು ಕಾರಿನ ಸ್ಕ್ರೀನ್‌ನಲ್ಲಿ ತೋರಿಸುವ ಆ್ಯಪಲ್ ಕಾರ್‌ಪ್ಲೇಗೆ ವರ್ಷಕ್ಕಿಷ್ಟು ಅಂತ ವಸೂಲಿ ಮಾಡಿ, 2019ರ ಕೊನೆಯಲ್ಲಿ ನಿಲ್ಲಿಸಿತ್ತು. ಶುಲ್ಕ ಬದಲಾಗುವುದು ಯಾವಾಗಲೂ ಮೇಲಕ್ಕೇ ಅಂತೇನಿಲ್ಲ, ನೋಡಿ. ಗಲಾಟೆ ಮಾಡಿದರೆ ಇಳಿಯುವುದೂ ಉಂಟು.

ಕಾಯುವ ಈ ಸಮಯವನ್ನು, ಸಿಮ್ ಇಲ್ಲದಾಗ ಕಾರಿನಲ್ಲಿ ಏನು ಉಳಿಯುತ್ತದೆ ಅನ್ನುವ ಒಂದು ಪರೀಕ್ಷೆಗೆ ಬಳಸಿ. ಇನ್ನೊಂದು ಸಲ ಟೆಸ್ಟ್ ಡ್ರೈವ್ ಕೇಳಿ. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾ ಅಥವಾ ಪ್ರೈವಸಿ ಅಂತ ಏನಾದರೂ ಇದ್ದರೆ ಅಲ್ಲಿ ಡೇಟಾ ಸಂಪರ್ಕವನ್ನು ಆಫ್ ಮಾಡಿಸಿ. ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೂಡ ಆಫ್ ಇರಲಿ. ಸಿಗ್ನಲ್ ಇರಲ್ಲ ಅಂತ ಬೇಸ್‌ಮೆಂಟ್‌ಗೆ ಒಯ್ಯಬೇಡಿ, ಅಲ್ಲಿ ಜಿಪಿಎಸ್ ಕೂಡ ಸಿಗದೆ ಪರೀಕ್ಷೆ ಕೆಡುತ್ತದೆ. ಬಯಲಲ್ಲೇ ಮಾಡಿ. ಈಗ ಮ್ಯಾಪ್ ತೆಗೆಯಿರಿ. ನೀವು ನಿಂತ ಜಾಗ ಚೆನ್ನಾಗೇ ಕಾಣುತ್ತದೆ. ಅದನ್ನು ಕಾರು ಮೊದಲೇ ಇಳಿಸಿಟ್ಟುಕೊಂಡಿರುತ್ತದೆ, ಮೋಸ ಹೋಗಬೇಡಿ. ಬೆರಳಿನಿಂದ ದೂರದ ಊರಿನ ಕಡೆಗೆ ಎಳೆಯಿರಿ. ಕೆಲವು ಕಾರುಗಳಲ್ಲಿ ಅಲ್ಲೂ ರಸ್ತೆ, ಊರಿನ ಹೆಸರು ಎಲ್ಲ ಇರುತ್ತದೆ. ಇಡೀ ಮ್ಯಾಪ್ ಕಾರಿನಲ್ಲೇ ಇದೆ ಅಂತ ಅರ್ಥ. ಇನ್ನು ಕೆಲವದರಲ್ಲಿ ಬೂದು ಬಣ್ಣದ ಖಾಲಿ ಚೌಕಗಳು ಬರುತ್ತವೆ. ಅಂಥ ಕಾರು ಓಡಿಸುವಾಗ ನಿಮ್ಮ ಬಾಣದ ಗುರುತು ಮಾತ್ರ ಸರಿಯಾದ ಜಾಗದಲ್ಲೇ ಸರಿಯುತ್ತಿರುತ್ತದೆ, ಯಾಕಂದ್ರೆ ಜಿಪಿಎಸ್‌ಗೆ ಸಿಮ್ ಬೇಡ. ಆದರೆ ಆ ಬಾಣದ ಕೆಳಗೆ ರಸ್ತೆಯೇ ಇರುವುದಿಲ್ಲ.

ಇದು ಪೆಟ್ರೋಲ್ ಕಾರಾಗಿದ್ದರೆ ‘ಫೋನಿನಲ್ಲಿ ಮ್ಯಾಪ್ ಹಾಕ್ಕೊಳ್ಳಿ’ ಅಂದು ಮುಗಿಸುತ್ತಿದ್ದೆ. ಎಲೆಕ್ಟ್ರಿಕ್ ಕಾರಿನಲ್ಲಿ ಮ್ಯಾಪ್‌ಗೂ ಬ್ಯಾಟರಿಗೂ ನಂಟಿದೆ. ತಣ್ಣಗಿರುವ ಬ್ಯಾಟರಿ ವೇಗದ ಚಾರ್ಜನ್ನು ಪೂರ್ತಿ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಬಹಳಷ್ಟು ಕಾರುಗಳು, ನೀವು ಕಾರಿನ ಮ್ಯಾಪ್‌ನಲ್ಲಿ ಫಾಸ್ಟ್ ಚಾರ್ಜರ್ ಆರಿಸಿದಾಗ, ದಾರಿಯಲ್ಲೇ ಬ್ಯಾಟರಿಯನ್ನು ಬಿಸಿ ಮಾಡಿ ಹದಕ್ಕೆ ತರಲು ಶುರು ಮಾಡುತ್ತವೆ. ಕಾರಿನ ಮ್ಯಾಪ್ ಸತ್ತು ನೀವು ಫೋನಿನ ಮ್ಯಾಪ್ ಹಿಡಿದು ಹೋದರೆ, ನೀವು ಚಾರ್ಜರ್ ಕಡೆ ಬರುತ್ತಿದ್ದೀರಿ ಅಂತ ಕಾರಿಗೆ ಗೊತ್ತೇ ಆಗುವುದಿಲ್ಲ. ಚಳಿಯಲ್ಲಿ ಚಾರ್ಜರ್ ಮುಂದೆ ಕಾಯುವ ಹೊತ್ತು ಜಾಸ್ತಿಯಾಗುತ್ತದೆ. ಬ್ಯಾಟರಿ ಬಿಸಿ ಮಾಡುವುದನ್ನು ಕೈಯಿಂದ ಆನ್ ಮಾಡುವ ಬಟನ್ ಸ್ಕ್ರೀನ್‌ನಲ್ಲಿ ಇದೆಯಾ ಅಂತ ನೋಡಿ. ಇದ್ದರೆ ನೆಮ್ಮದಿ. ಚಾರ್ಜ್ 80 ಪರ್ಸೆಂಟ್‌ಗೆ ನಿಲ್ಲಲಿ, ರಾತ್ರಿ ಇಷ್ಟು ಗಂಟೆಗೆ ಶುರುವಾಗಲಿ, ಬೆಳಿಗ್ಗೆ ಹೊರಡುವ ಹೊತ್ತಿಗೆ ಏಸಿ ಹಾಕಿಕೊಳ್ಳಲಿ ಅನ್ನುವುದನ್ನೆಲ್ಲ ಕಾರಿನ ಸ್ಕ್ರೀನ್‌ನಿಂದಲೇ ಹೇಳಲು ಆಗಬೇಕು. ಆ್ಯಪ್‌ನಲ್ಲಿ ಮಾತ್ರ ಆಗುತ್ತದೆ ಅಂದರೆ, ಶುಲ್ಕ ನಿಂತ ದಿನ ಅದೂ ನಿಲ್ಲಬಹುದು.

ಇನ್ನೊಂದು. ಕಾರಿನೊಳಗೆ ನೆಟ್‌ವರ್ಕ್ ಹಿಡಿಯುವ ಮೋಡೆಮ್ 4ಜಿಯೋ 5ಜಿಯೋ ಕೇಳಿ. ಶುಲ್ಕ ಕಟ್ಟಿದರೂ ನೆಟ್‌ವರ್ಕೇ ಇಲ್ಲವಾದರೆ ಏನು ಮಾಡುವುದು? ಅಮೆರಿಕದ ಮೊಬೈಲ್ ಕಂಪನಿ ಎಟಿ ಆ್ಯಂಡ್ ಟಿ 2022ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸಿದಾಗ ಎಷ್ಟೋ ಕಾರುಗಳ ಕನೆಕ್ಟೆಡ್ ಸೇವೆ ಒಮ್ಮೆಗೇ ಹೋಯಿತು. ಬ್ರಿಟನ್ನಿನಲ್ಲಿ ನಿಸ್ಸಾನ್ ತನ್ನ ಹಳೆಯ ಲೀಫ್ ಕಾರುಗಳ ಆ್ಯಪ್ ಸೇವೆಯನ್ನು 2024ರ ಏಪ್ರಿಲ್‌ನಲ್ಲಿ ಮುಚ್ಚಿತು. ಅವುಗಳಲ್ಲಿದ್ದದ್ದು 2ಜಿ. ಕಾರಿನ ಬ್ಯಾಟರಿ, ಮೋಟಾರ್ ಎಲ್ಲ ಗಟ್ಟಿಯಾಗೇ ಇದ್ದವು, ಮೂಕವಾದದ್ದು ಮೋಡೆಮ್ ಮಾತ್ರ. ಕಂಪನಿಯೇ ಮುಳುಗಿದರೆ ಇನ್ನೂ ಕಷ್ಟ. 2024ರ ಜೂನ್‌ನಲ್ಲಿ ಅಮೆರಿಕದ ಎಲೆಕ್ಟ್ರಿಕ್ ಕಾರು ಕಂಪನಿ ಫಿಸ್ಕರ್ ದಿವಾಳಿ ಅರ್ಜಿ ಹಾಕಿದಾಗ, ಅವರ ಓಷನ್ ಕಾರು ಕೊಂಡವರಿಗೆ ಸರ್ವರ್ ಯಾರು ನಡೆಸುತ್ತಾರೆ, ಅಪ್‌ಡೇಟ್ ಯಾರು ಕೊಡುತ್ತಾರೆ ಅನ್ನುವುದೇ ದೊಡ್ಡ ಚಿಂತೆಯಾಯಿತು.

ಇಷ್ಟಾದ ಮೇಲೆ ನನ್ನ ಲೆಕ್ಕ ಹೀಗಿದೆ. ಮೇಲ್‌ಗೆ ಬಂದ ಉತ್ತರದಲ್ಲಿ ಚಾರ್ಜಿಂಗ್ ಸೆಟ್ಟಿಂಗ್, ಬ್ಯಾಟರಿ ಬಿಸಿ ಮಾಡುವುದು, ಸುರಕ್ಷತೆಯ ಸಾಫ್ಟ್‌ವೇರ್ ಅಪ್‌ಡೇಟ್, ತುರ್ತು ಕರೆ ಇವೆಲ್ಲ ಶುಲ್ಕವಿಲ್ಲದೆ ಇರುತ್ತವೆ ಅಂತ ಬಂದರೆ, ಬುಕ್ಕಿಂಗ್ ಇಟ್ಟುಕೊಳ್ಳಿ. ಹಾಡು, ವಿಡಿಯೋ, ಸ್ಯಾಟಲೈಟ್ ಮ್ಯಾಪ್ ಹೋದರೆ ಹೋಗಲಿ ಬಿಡಿ. ಸುರಕ್ಷತೆಯ ಅಪ್‌ಡೇಟನ್ನೇ ಪ್ಲಾನ್‌ನೊಳಗೆ ಕಟ್ಟಿಟ್ಟಿದ್ದರೆ, ಅಥವಾ ಉತ್ತರವನ್ನೇ ಕೊಡದಿದ್ದರೆ, ಆಗ ರದ್ದು ಮಾಡುವ ಷರತ್ತುಗಳನ್ನು ಓದಿ.

ಡೆಲಿವರಿ ದಿನ ಸಹಿ ಹಾಕುವ ಕಾಗದಗಳ ನಡುವೆ ಎರಡು ವರ್ಷದ ಪ್ಲಾನ್ ಈಗಲೇ ಕಟ್ಟಿದರೆ ರಿಯಾಯಿತಿ ಅಂತ ಒಂದು ಹಾಳೆ ಸರಿಸುತ್ತಾರೆ. ಮೂಗಿಗೆ ತುಪ್ಪ ಸವರುವ ಕೆಲಸ. ಹೊಸ ಕಾರಿನ ಕೀಲಿ ಕಣ್ಣ ಮುಂದೆ ಇರುವಾಗ ಯಾರೂ ಷರತ್ತು ಓದುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಉಚಿತ ಅವಧಿ ಮುಗಿಯುವವರೆಗೆ ಏನೂ ಕಟ್ಟಬೇಡಿ. ಉಚಿತ ಅವಧಿಗೆಂದು ಕಾರ್ಡ್ ನಂಬರ್ ಕೇಳಿದರೆ, ಆಟೋ ರಿನ್ಯೂವಲ್ ಟಿಕ್ ತೆಗೆದ ಮೇಲೇ ಮುಂದೆ ಹೋಗಿ.

ಪ್ರಶ್ನೆ: ಕಾಯಲಾರದೆ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ನೋಡಿದ್ದೇನೆ. ಮಾರುವವರು ‘ಕನೆಕ್ಟಿವಿಟಿ ಪ್ಯಾಕ್ ಇನ್ನೂ ಬಾಕಿ ಇದೆ, ಅದೂ ನಿಮ್ಮದೇ’ ಅನ್ನುತ್ತಿದ್ದಾರೆ. ನಂಬಬಹುದಾ?
— ಅವಸರದ ಓದುಗಿ

ಉತ್ತರ: ಅವರು ಸುಳ್ಳು ಹೇಳುತ್ತಿರಬೇಕೆಂದಿಲ್ಲ, ಅವರಿಗೂ ಗೊತ್ತಿಲ್ಲದಿರಬಹುದು. ಕೆಲವು ಪ್ಯಾಕ್ ಕಾರಿನ ಚಾಸಿಸ್ ನಂಬರ್‌ಗೆ ಕಟ್ಟಿರುತ್ತಾರೆ, ಅವು ಕಾರಿನ ಜೊತೆ ಬರುತ್ತವೆ. ಕೆಲವು ಮಾಲೀಕರ ಅಕೌಂಟ್‌ಗೆ ಕಟ್ಟಿರುತ್ತಾರೆ, ಹೆಸರು ಬದಲಾದ ಕ್ಷಣ ಸೊನ್ನೆ. ಚಾಸಿಸ್ ನಂಬರ್ ಕೊಟ್ಟು ಕಂಪನಿಯ ಕಸ್ಟಮರ್ ಕೇರ್‌ನಿಂದಲೇ ಉತ್ತರ ತರಿಸಿಕೊಳ್ಳಿ. ಅಲ್ಲಿಯವರೆಗೆ ಆ ಪ್ಯಾಕ್‌ಗೆಂದು ಒಂದು ಪೈಸೆಯೂ ಜಾಸ್ತಿ ಕೊಡಬೇಡಿ.

ಪ್ಯಾಕ್‌ಗಿಂತ ದೊಡ್ಡ ವಿಷಯ ಬೇರೆ ಇದೆ. ಹಳೆಯ ಮಾಲೀಕರು ತಮ್ಮ ಆ್ಯಪ್‌ನಿಂದ ಈ ಕಾರನ್ನು ತೆಗೆದುಹಾಕದಿದ್ದರೆ, ಕಾರು ಎಲ್ಲಿ ನಿಂತಿದೆ ಅಂತ ಅವರ ಫೋನಿನಲ್ಲಿ ಕಾಣುತ್ತಲೇ ಇರಬಹುದು. ಬಾಗಿಲನ್ನೂ ಅಲ್ಲಿಂದಲೇ ತೆಗೆಯಬಹುದು. ಕೆಟ್ಟ ಉದ್ದೇಶವೇ ಬೇಕಿಲ್ಲ, ಮರೆತಿರುತ್ತಾರೆ ಅಷ್ಟೇ. ಪೂರ್ತಿ ದುಡ್ಡು ಕೊಡುವ ಮೊದಲು ಅವರ ಎದುರಿಗೇ ಕೂತು ಅವರ ಫೋನಿನಿಂದ ಕಾರನ್ನು ಡಿಲೀಟ್ ಮಾಡಿಸಿ. ಆಮೇಲೆ ಕಾರಿನ ಸ್ಕ್ರೀನ್‌ನಲ್ಲಿ ಫ್ಯಾಕ್ಟರಿ ರೀಸೆಟ್. ಆಮೇಲೆ ನಿಮ್ಮ ಅಕೌಂಟ್. ರೀಸೆಟ್ ಒಂದೇ ಮಾಡಿದರೆ ಸಾಲದು, ಅಕೌಂಟಿನ ನಂಟು ಇರುವುದು ಸರ್ವರ್‌ನಲ್ಲಿ. ಫೋನನ್ನೇ ಕೀಲಿಯಾಗಿ ಬಳಸುವ ಕಾರಾದರೆ ಹಳೆಯ ಡಿಜಿಟಲ್ ಕೀಗಳೆಲ್ಲ ಪಟ್ಟಿಯಿಂದ ಹೋಗಿವೆಯಾ ಅಂತಲೂ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಫೋನಿನಲ್ಲಿ ಹೇಗೂ ಡೇಟಾ ಇದೆ. ಅದರ ಹಾಟ್‌ಸ್ಪಾಟ್ ಕಾರಿಗೆ ಕೊಟ್ಟರೆ ಶುಲ್ಕ ಉಳಿಯುತ್ತದೆ ಅಲ್ವಾ?
— ಲೆಕ್ಕಾಚಾರದ ಓದುಗ

ಉತ್ತರ: ನೀವು ಕಾರಿನಲ್ಲಿ ಕೂತಿರುವಷ್ಟು ಹೊತ್ತು, ಹೌದು. ವೈಫೈ ಒಪ್ಪುವ ಕಾರಾದರೆ ಹಾಡು, ಬ್ರೌಸರ್ ಕೆಲವು ಕಡೆ ಆರಾಮವಾಗಿ ನಡೆಯುತ್ತವೆ. ದೊಡ್ಡ ಅಪ್‌ಡೇಟ್ ಮನೆಯ ವೈಫೈನಲ್ಲಿ ಇಳಿಸಿಕೊಳ್ಳಬಹುದು. ಆದರೆ ನೀವು ಇಳಿದು ಹೋದರೆ ಹಾಟ್‌ಸ್ಪಾಟ್ ನಿಮ್ಮ ಜೇಬಿನಲ್ಲೇ ಬರುತ್ತದೆ. ಚಾರ್ಜರ್‌ಗೆ ಸಿಕ್ಕಿಸಿ ಬಂದ ಕಾರಿನಲ್ಲಿ ಮಧ್ಯದಲ್ಲಿ ಕರೆಂಟ್ ಹೋದರೆ ನಿಮಗೆ ಹೇಳುವವರು ಯಾರು? ನಾನಾದರೆ ಇದಕ್ಕಾಗಿಯೇ ಅಗ್ಗದ ಪ್ಲಾನ್ ಇದ್ದರೆ ಇಟ್ಟುಕೊಳ್ಳುತ್ತೇನೆ. ಚಾರ್ಜ್ ಎಷ್ಟಾಯಿತು, ಬಾಗಿಲು ಲಾಕ್ ಆಗಿದೆಯಾ ಅನ್ನುವ ಸಂದೇಶಗಳು ಕೆಲವೇ ಕಿಲೋಬೈಟ್. ಬಿಲ್ಲಿಂಗ್‌ನಲ್ಲಿ ಇದ್ದವಳ ಮಾತು ಕೇಳಿ, ಅಷ್ಟಕ್ಕೆ ವಿಡಿಯೋ ನೋಡುವವರ ದರ ಹಾಕಿದರೆ ಅದು ಹಗಲು ದರೋಡೆ.

ಪ್ರಶ್ನೆ: ಶುಲ್ಕ ಕಟ್ಟದಿದ್ದರೆ ಕಾರು ರಸ್ತೆ ಮಧ್ಯೆ ನಿಂತುಬಿಡುತ್ತದಾ?
— ಹೆದರಿದ ಓದುಗಿ

ಉತ್ತರ: ಇಲ್ಲ. ಮೋಟಾರಿಗೂ ಬ್ರೇಕಿಗೂ ಸಿಮ್ ಕೇಳುವ ಅಭ್ಯಾಸ ಇಲ್ಲ. ಆದರೆ ಫೋನ್ ಒಂದೇ ಕೀಲಿ ಅಂತ ನೆಚ್ಚಿಕೊಂಡು ಮನೆ ಬಿಡಬೇಡಿ. ಬ್ಲೂಟೂತ್ ಕೀಲಿಗೆ ಇಂಟರ್‌ನೆಟ್ ಬೇಡ ನಿಜ, ಫೋನಿನ ಚಾರ್ಜ್ ಬೇಕೇ ಬೇಕು. ಕಂಪನಿ ಕೊಟ್ಟ ಕೀ ಕಾರ್ಡ್ ಪರ್ಸ್‌ನಲ್ಲಿ ಇರಲಿ.