ಹುಬ್ಬಳ್ಳಿಯ ಎರೆ ಮಣ್ಣಿನಲ್ಲಿ ಒಂದೂವರೆ ವರ್ಷದ ಮನೆ: ಕೊಳ್ಳುವ ಮುಂಚೆ ನೋಡಬೇಕಾದ್ದು

ಸರ್, ನಿಮ್ಮ ಪ್ರಶ್ನೆ ಓದಿದೆ. ಹುಬ್ಬಳ್ಳಿಯಲ್ಲಿ 30×40 ಅಡಿ ಸೈಟ್‌ನಲ್ಲಿ ಬಿಲ್ಡರ್ ಕಟ್ಟಿಸಿದ ಡ್ಯೂಪ್ಲೆಕ್ಸ್, ಮುಗಿದು ಒಂದೂವರೆ ವರ್ಷ, ಮೊನ್ನೆಯಷ್ಟೇ ಪೇಂಟ್ ಆಗಿದೆ, ಕೆಲಸ ಗಟ್ಟಿ ಇದೆಯೋ ಇಲ್ಲವೋ ತಿಳಿಯೋದು ಹೇಗೆ ಅಂತ ಕೇಳಿದ್ದೀರಿ. ನಾನು ಸೈಟ್ ಸೂಪರ್‌ವೈಸರ್ ಕೆಲಸ ಮಾಡುವವನು. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದ್ರೆ ಇದು ನಿಮ್ಮ ಇಡೀ ಜೀವನದ ಉಳಿತಾಯದ ವಿಷಯ.

ಮೊದಲು ಒಂದು ಮಾತು. ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್, ಮುಂದಿನ ಎಲಿವೇಶನ್ ಲೈಟು, ಇವುಗಳನ್ನು ನೋಡಿ ಬಿಲ್ಡರ್ ಒಳ್ಳೆಯವನು ಅಂತ ತೀರ್ಮಾನ ಮಾಡಬೇಡಿ. ಇವೆಲ್ಲ ಕೊನೆಯ ಎರಡು ತಿಂಗಳ ಕೆಲಸ. ಬಿಲ್ಡರ್‌ನ ನಿಯತ್ತು ಕಾಣೋದು ಅವನು ನಿಮ್ಮನ್ನು ಕರೆದುಕೊಂಡು ಹೋಗದ ಜಾಗಗಳಲ್ಲಿ.

ಹುಬ್ಬಳ್ಳಿಯಲ್ಲಿ ಹೆಚ್ಚಿನ ಕಡೆ ಎರೆ ಮಣ್ಣು. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ತಳಪಾಯವನ್ನು ಗಟ್ಟಿ ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ಸಿಗುವ ತನಕ ಇಳಿಸದೆ, ಎರೆಯ ಮೇಲೇ ಕೂರಿಸಿದರೆ ಮನೆ ಪ್ರತಿ ವರ್ಷ ಏಳುತ್ತದೆ, ಇಳಿಯುತ್ತದೆ. ನಿಮ್ಮ ಮನೆಗೆ ಒಂದೂವರೆ ವರ್ಷ ಅಂದರೆ ಒಂದು ಮಳೆಗಾಲವನ್ನಾದರೂ, ಒಂದು ಬೇಸಿಗೆಯನ್ನಾದರೂ ಅದು ಕಂಡಿದೆ. ಆಗತಾನೆ ಮುಗಿದ ಮನೆಗಿಂತ ಇದೇ ವಾಸಿ. ತಳಪಾಯ ಸರಿ ಇಲ್ಲದಿದ್ದರೆ ಗೋಡೆ ಈಗಾಗಲೇ ಹೇಳಿರುತ್ತದೆ. ಆದರೆ ಆ ಮಾತನ್ನು ಪೇಂಟ್ ಮುಚ್ಚಿರಬಹುದು.

ಅದಕ್ಕೇ ಸಂಜೆ ಕತ್ತಲಾದ ಮೇಲೆ ಇನ್ನೊಂದು ಸಲ ಹೋಗಿ. ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು, ಬೆಳಕು ಗೋಡೆಯ ಮೈಮೇಲೆ ಸವರಿಕೊಂಡು ಹೋಗುವ ಹಾಗೆ ಬಿಡಿ. ಪುಟ್ಟಿ ತುಂಬಿ ಮುಚ್ಚಿದ ಬಿರುಕು ಸಣ್ಣ ಏರಿನಂತೆ ನೆರಳು ಬೀಳಿಸುತ್ತದೆ. ಹಗಲಿನಲ್ಲಿ ನುಣ್ಣಗೆ ಕಂಡ ಗೋಡೆಯೇ ಟಾರ್ಚಿನ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ಕೆಳಗಿನ ಮಹಡಿಯ ಮೂಲೆ ಕೋಣೆಗಳು, ಕಿಟಕಿಯ ನಾಲ್ಕೂ ಮೂಲೆ, ಮೆಟ್ಟಿಲು ಗೋಡೆಗೆ ಸೇರುವ ಜಾಗ, ಇಷ್ಟನ್ನು ಬಿಡಬೇಡಿ.

ಎಲ್ಲ ಬಿರುಕಿಗೂ ಹೆದರಬೇಕಾಗಿಲ್ಲ. ಕೂದಲೆಳೆಯಂತೆ ಅಡ್ಡಾದಿಡ್ಡಿ ಹರಡಿದ್ದರೆ ಅದು ಪ್ಲಾಸ್ಟರ್ ಒಣಗುವಾಗ ಬಂದದ್ದು, ಸರಿಯಾಗಿ ಕ್ಯೂರಿಂಗ್ ಮಾಡಿಲ್ಲ (ನೀರು ಹೊಡೆದು ಒದ್ದೆ ಇಟ್ಟಿಲ್ಲ) ಅಷ್ಟೆ. ಕಾಲಂ (ಕಾಂಕ್ರೀಟ್ ಕಂಬ) ಮತ್ತು ಗೋಡೆ ಕೂಡುವಲ್ಲಿ ನೆಟ್ಟಗೆ ಗೆರೆ ಇದ್ದರೆ ಅಲ್ಲಿ ಪ್ಲಾಸ್ಟರ್ ಮಾಡುವ ಮುಂಚೆ ಚಿಕನ್ ಮೆಶ್ (ತೆಳು ತಂತಿ ಬಲೆ) ಹೊಡೆದಿಲ್ಲ. ಅವಸರದ ಕೆಲಸ, ಆದರೆ ರಿಪೇರಿ ಆಗುತ್ತದೆ. ಹೆದರಬೇಕಾದ್ದು ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಹೋಗುವ ಬಿರುಕಿಗೆ. ಒಂದು ತುದಿ ಅಗಲ, ಇನ್ನೊಂದು ತುದಿ ಸಣ್ಣ, ಗೋಡೆಯ ಒಳಗೂ ಹೊರಗೂ ಅದೇ ಜಾಗದಲ್ಲಿ ಕಂಡರೆ, ನಾಣ್ಯದ ಅಂಚು ಒಳಗೆ ಹೋಗುವಷ್ಟಿದ್ದರೆ, ತಳಪಾಯ ಅಲುಗಾಡಿದೆ ಅಂತಲೇ ಅನುಮಾನಿಸಿ. ಆಗ ಎಲ್ಲ ಬಾಗಿಲುಗಳನ್ನೂ ಒಂದು ಸಲ ಹಾಕಿ ತೆಗೆಯಿರಿ. ಮೇಲಿನ ಸಂದು ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಇದ್ದರೆ ಚೌಕಟ್ಟು ಸೊಟ್ಟಗಾಗಿದೆ. ಇಂಥ ಮನೆಯನ್ನು ಎಂಜಿನಿಯರ್ ತೋರಿಸದೆ ಮುಟ್ಟಬೇಡಿ.

ಇನ್ನು ಯಾರೂ ನೋಡದ ಒಂದು ಜಾಗ ಹೇಳುತ್ತೇನೆ. ಪಕ್ಕದ ಮನೆ ಕಡೆಯ ಗೋಡೆ. ನಡುವೆ ಒಬ್ಬರು ತೂರುವಷ್ಟೇ ಸಂದು ಇರುತ್ತದೆ, ಅಲ್ಲಿ ಪ್ಲಾಸ್ಟರ್ ಮಾಡದೆ ಹಾಗೇ ಬಿಡುತ್ತಾರೆ. ಅದೇ ನಿಮಗೆ ಅನುಕೂಲ. ಕಾಲಂ, ಬೀಮ್, ಇಟ್ಟಿಗೆಯ ಸಂದು ಎಲ್ಲ ಬರಿಗಣ್ಣಿಗೆ ಕಾಣುತ್ತದೆ. ಒಂದು ಮನೆ ನೋಡಲು ಹೋದಾಗ ಮುಂದೆ ಎಲ್ಲ ಗ್ರಾನೈಟ್, ಪಕ್ಕದ ಸಂದಿನಲ್ಲಿ ಕಾಲಂನ ಬುಡಕ್ಕೆ ಬರೀ ಜಲ್ಲಿ ಕಾಣುತ್ತಿತ್ತು. ಸಿಮೆಂಟ್ ಹಾಲು ಸೋರಿ ಹೋಗಿ, ಮೇಲೆ ಒಂದು ಕೋಟು ಸಿಮೆಂಟ್ ನೀರು ಬಳಿದಿದ್ದರು. ಕಡ್ಡಿ ಹಾಕಿ ಕೆದಕಿದರೆ ಜಲ್ಲಿ ಕಿತ್ತು ಕೈಗೆ ಬಂತು, ಹಿಂದೆ ತುಕ್ಕು ಹಿಡಿದ ರಿಂಗ್, ಅಂದರೆ ಕಾಲಂನ ಉದ್ದ ಕಬ್ಬಿಣಗಳನ್ನು ಸುತ್ತಿ ಕಟ್ಟುವ ಬಳೆ. ವೈಬ್ರೇಟರ್ (ಕಾಂಕ್ರೀಟನ್ನು ಅಲುಗಿಸಿ ಒತ್ತಾಗಿ ಕೂರಿಸುವ ಯಂತ್ರ) ಸರಿಯಾಗಿ ಹಾಕದೆ ಕಾಂಕ್ರೀಟ್ ಸುರಿದರೆ ಹೀಗಾಗುತ್ತದೆ. ಕಾಲಂನಲ್ಲಿ ಕಬ್ಬಿಣದ ಹೊರಗೆ ಕನಿಷ್ಠ 40 ಮಿಲಿಮೀಟರ್ ಕಾಂಕ್ರೀಟ್ ಕವರ್ ಇರಬೇಕು. ಕಬ್ಬಿಣವೇ ಕಂಡರೆ ಉಳಿದ ಕಾಲಂಗಳ ಕತೆ ನೀವೇ ಊಹಿಸಿ.

ಹೆಡ್‌ರೂಮ್ (ಟೆರೇಸ್‌ನಲ್ಲಿ ಮೆಟ್ಟಿಲ ಮೇಲಿನ ಕೋಣೆ) ಒಳಗೆ, ಮೀಟರ್ ಬೋರ್ಡ್ ಹಿಂದೆ, ಲಾಫ್ಟ್ ಮೇಲೆ ಪೇಂಟ್ ಸರಿಯಾಗಿ ಹೊಡೆದಿರುವುದಿಲ್ಲ. ಅಲ್ಲಿ ಬೀಗದ ಕೀಯಿಂದ ಪ್ಲಾಸ್ಟರ್ ಗೀರಿ. ಬರೀ ಗೆರೆ ಬಿದ್ದರೆ ಒಳ್ಳೆಯದು. ಮರಳು ಪುಡಿಪುಡಿಯಾಗಿ ಉದುರಿದರೆ ಸಿಮೆಂಟ್ ಕಡಿಮೆ, ಇಲ್ಲ ಮರಳಿನಲ್ಲಿ ಮಣ್ಣು ಜಾಸ್ತಿ, ಇಲ್ಲ ನೀರು ಹೊಡೆದಿಲ್ಲ.

ನೀರಿನ ವಿಷಯಕ್ಕೆ ಬರೋಣ. ಮೇಲಿನ ಬಾತ್‌ರೂಮಿನ ನೇರ ಕೆಳಗಿನ ಸೀಲಿಂಗ್ ನೋಡಿ. ಅಲ್ಲಿ ಮಾತ್ರ ಫಾಲ್ಸ್ ಸೀಲಿಂಗ್ ಇದ್ದರೆ ಒಂದು ಪ್ಯಾನೆಲ್ ಬಿಚ್ಚಿ ತೋರಿಸಿ ಅಂತ ಕೇಳಿ. ಬಿಳಿ ಉಪ್ಪು, ಹಳದಿ ಕಲೆ ಇದ್ದರೆ ಸಂಕನ್ ಸ್ಲ್ಯಾಬಿನಲ್ಲಿ (ಪೈಪ್ ಹಾಕಲು ಬಾತ್‌ರೂಮಿನ ಅಡಿ ತಗ್ಗಿಸಿದ ಸ್ಲ್ಯಾಬ್) ವಾಟರ್‌ಪ್ರೂಫಿಂಗ್ ಕೈಕೊಟ್ಟಿದೆ, ಟೈಲ್ಸ್ ಎಲ್ಲ ಕಿತ್ತೇ ಸರಿ ಮಾಡಬೇಕು. ಟೆರೇಸ್ ಮೇಲೆ ನಾಲ್ಕೈದು ಬಕೆಟ್ ನೀರು ಸುರಿದು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಮಳೆ ನೀರಿನ ಪೈಪ್ ಗೋಡೆಯ ಬುಡಕ್ಕೇ ಬಿಟ್ಟಿದ್ದರೆ ಎರೆ ಮಣ್ಣಿನಲ್ಲಿ ಅದು ದೊಡ್ಡ ತಪ್ಪು, ಅದನ್ನು ತಕ್ಷಣ ದೂರ ಒಯ್ಯಬೇಕು. ಸಂಪ್ ತುಂಬಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ವಾಲ್ವ್ ಬಂದ್ ಮಾಡಿ, ಮೋಟರ್ ಹಾಕದೆ ಮಾರನೇ ದಿನ ನೋಡಿ. ನಳದ ನೀರು ಹಲವು ದಿನಕ್ಕೊಮ್ಮೆ ಬರುವ ಬಡಾವಣೆಗಳಲ್ಲಿ ಸೋರುವ ಸಂಪ್ ಇಟ್ಟುಕೊಂಡು ಬದುಕೋದು ಕಷ್ಟ. ಸೋರಿದ ನೀರು ತಳಪಾಯಕ್ಕೇ ಇಳಿಯುತ್ತದೆ, ಅದು ಇನ್ನೂ ಕೆಟ್ಟದ್ದು.

ಕರೆಂಟಿನಲ್ಲಿ ಮೂರು ವಿಷಯ ಸಾಕು. ಆರ್‌ಸಿಸಿಬಿ (ಕರೆಂಟ್ ಸೋರಿ ಶಾಕ್ ಹೊಡೆಯುವಂತಾದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ, ಅದರ ಟೆಸ್ಟ್ ಬಟನ್ ಒತ್ತಿದರೆ ಆಫ್ ಆಗಿ ಬೀಳುತ್ತದಾ. ಅರ್ಥಿಂಗ್ ಗುಂಡಿ ನಿಜವಾಗಿ ಇದೆಯಾ. ಗೀಸರ್ ಪಾಯಿಂಟಿಗೆ 4 ಚದರ ಮಿಲಿಮೀಟರ್ ವೈರ್ ಎಳೆದಿದ್ದಾರಾ. ಪರಿಚಯದ ಎಲೆಕ್ಟ್ರಿಷಿಯನ್ ಬಂದರೆ ಒಂದು ಗಂಟೆಯ ಕೆಲಸ.

ಬಿಲ್ಡರ್ ಹತ್ತಿರ ಒಂದೇ ಒಂದು ಕೇಳಿ: ತಳಪಾಯ, ಪ್ಲಿಂತ್ ಬೀಮ್ (ನೆಲಮಟ್ಟದ ಬೀಮ್), ಸ್ಲ್ಯಾಬಿನ ಕಬ್ಬಿಣ ಕಟ್ಟಿದಾಗಿನ ಫೋಟೊ. ಈಗ ಸೈಟಿನಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಕೆಲಸ ಸರಿಯಾಗಿ ಮಾಡಿಸಿದವನು ಖುಷಿಯಿಂದ ತೋರಿಸುತ್ತಾನೆ, ಸ್ಟ್ರಕ್ಚರಲ್ ಡ್ರಾಯಿಂಗ್ ಕೂಡ ಕೊಡುತ್ತಾನೆ. ‘ಫೋನ್ ಹೋಯ್ತು ಸರ್, ನಂಬಿಕೆ ಇಡ್ರಿ’ ಅಂದರೆ ನಾನಾದರೆ ಹಿಂದೆ ಸರಿಯುತ್ತೇನೆ.

ಇದಕ್ಕಿಂತ ದೊಡ್ಡ ಪರೀಕ್ಷೆ ಅವನು ನಾಲ್ಕೈದು ವರ್ಷದ ಹಿಂದೆ ಕಟ್ಟಿ ಮಾರಿದ ಮನೆಗಳು. ವಿಳಾಸ ಕೇಳಿ, ಅವನನ್ನು ಬಿಟ್ಟು ನೀವೇ ಹೋಗಿ. ಮನೆಯವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಕೇಳಿ. ಯಾವ ಗೋಡೆ ಮಳೆಗೆ ಒದ್ದೆಯಾಗುತ್ತದೆ, ಯಾವ ಟೈಲ್ಸ್ ಎದ್ದಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕೊನೆಗೆ ಇದೊಂದು ಕೇಳಿ: ದುಡ್ಡು ಪೂರ್ತಿ ಕೊಟ್ಟ ಮೇಲೆ ರಿಪೇರಿಗೆ ಕರೆದರೆ ಬಂದನಾ? ಹೊಸ ಮನೆಯಲ್ಲಿ ಸಣ್ಣಪುಟ್ಟದ್ದು ಬಂದೇ ಬರುತ್ತದೆ. ಕರೆದಾಗ ಗೌಂಡಿಯನ್ನು ಕಳಿಸಿ ಸರಿ ಮಾಡಿಸುವವನೇ ನನ್ನ ಲೆಕ್ಕದಲ್ಲಿ ಒಳ್ಳೆಯ ಬಿಲ್ಡರ್.

ಇದು ಯಾಕೆ ಮುಖ್ಯ ಅಂದರೆ, ರೇರಾ (ಮನೆ ಕೊಳ್ಳುವವರ ರಕ್ಷಣೆಯ ರಿಯಲ್ ಎಸ್ಟೇಟ್ ಕಾಯ್ದೆ) ಇದೆಯಲ್ಲ ಅಂತ ತುಂಬಾ ಜನ ಧೈರ್ಯವಾಗಿರುತ್ತಾರೆ. 2016ರ ಆ ಕಾಯ್ದೆಯಲ್ಲಿ ಮನೆ ಕೈಗೆ ಬಂದ ದಿನದಿಂದ 5 ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ 30 ದಿನದಲ್ಲಿ ಸರಿ ಮಾಡಬೇಕು ಅಂತ ಇದೆ, ನಿಜ. ಆದರೆ 500 ಚದರ ಮೀಟರ್ ಮೀರದ ಜಾಗದ ಯೋಜನೆಗೆ ನೋಂದಣಿಯೇ ಬೇಕಿಲ್ಲ. ನಿಮ್ಮ 30×40 ಸೈಟ್ ಸುಮಾರು 111 ಚದರ ಮೀಟರ್. ಹಾಗಾಗಿ ನಿಮಗೆ ಮುಖ್ಯ ಆಸರೆ ಅಗ್ರಿಮೆಂಟ್‌ನಲ್ಲಿ ಬರೆಸಿಕೊಂಡದ್ದೇ. ಸೋರಿಕೆ, ಬಿರುಕು, ಎಷ್ಟು ವರ್ಷ, ಯಾರ ಖರ್ಚು, ಎಲ್ಲ ಬರೆಸಿ. ಎನ್‌ಎ ಆದೇಶ (ಕೃಷಿ ಜಮೀನನ್ನು ಕೃಷಿಯೇತರ ಮಾಡಿದ ಆದೇಶ), ಲೇಔಟ್ ಮಂಜೂರಾತಿ, ಇ-ಖಾತೆ, ಕಟ್ಟಡ ಪರವಾನಗಿ, ಇಸಿ (ಋಣಭಾರ ಪತ್ರ) ಇವನ್ನು ವಕೀಲರಿಗೆ ಕೊಡಿ. ಮಂಜೂರಾದ ನಕ್ಷೆಗೂ ಕಟ್ಟಿದ್ದಕ್ಕೂ ತಾಳೆ ಇದೆಯಾ ಅಂತ ಮಾತ್ರ ನೀವೇ ಟೇಪ್ ಹಿಡಿದು ನೋಡಿ.

ಅಡ್ವಾನ್ಸ್ ಕೊಡುವ ಮುಂಚೆ ಬಿಲ್ಡರ್‌ಗೆ ಸಂಬಂಧವಿಲ್ಲದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ. ಅನುಮಾನ ಇದ್ದ ಕಾಲಂಗೆ ರಿಬೌಂಡ್ ಹ್ಯಾಮರ್ ಹೊಡೆದು ಕಾಂಕ್ರೀಟ್ ಎಷ್ಟು ಗಟ್ಟಿ ಇದೆ ಅಂತ ಅಂದಾಜು ಹೇಳುತ್ತಾರೆ. ಮನೆಯ ಬೆಲೆಯ ಮುಂದೆ ಅವರ ಫೀಸ್ ಏನೂ ಅಲ್ಲ.

ಟಾರ್ಚ್ ಹಿಡಿದು ನೋಡಿದಾಗ ಬಿರುಕು ಕಂಡರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು ಇಲ್ಲೇ ಹಾಕಿ. ಯಾವ ಕೋಣೆ, ಒಳಗೋ ಹೊರಗೋ, ಯಾವ ಕಡೆ ಅಗಲ ಅಂತ ಬರೆಯಿರಿ. ನೋಡಿ ಹೇಳುತ್ತೇನೆ.