ರೆಕಾರ್ಡ್ ರೂಮಿನ ಗುಮಾಸ್ತರ ಪರವಾಗಿ ಒಂದು ವಕಾಲತ್ತು

(ಓದುಗರೊಬ್ಬರ ಪತ್ರದ ಸಾರ: ತಂದೆಯವರ ಕಾಲದ ಪಾಲಿನ ದಾವೆಯ ಡಿಕ್ರಿ ನಕಲು ಬೇಕೆಂದು ಸಿವಿಲ್ ಕೋರ್ಟಿನಲ್ಲಿ ಅರ್ಜಿ ಹಾಕಿದೆ. ದಾವೆ 1987ರದು. ಐದು ವಾರ ಓಡಾಡಿಸಿದರು. ಹೋದಾಗಲೆಲ್ಲ ರೆಕಾರ್ಡ್ ರೂಮಿನ ಗುಮಾಸ್ತರು "ಮೇಲ್ಮನವಿ ಆಗಿತ್ತಾ? ಎಫ್‌ಡಿಪಿ ನಂಬರ್ ಗೊತ್ತಾ?" ಎಂದು ನನ್ನನ್ನೇ ಕೇಳುತ್ತಿದ್ದರು. ಕಾಗದ ಎತ್ತಿಡುವುದಕ್ಕೂ ಸಂಬಳ ಕೊಟ್ಟು ಜನ ಇಡಬೇಕೇ? ಎಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿ, ಈ ಕೆಲಸವನ್ನೇ ತೆಗೆದುಬಿಡಬಾರದೇಕೆ?)

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಐದು ವಾರ ಜಾಸ್ತಿಯಾಯಿತು. ಕೈ ಬೆಚ್ಚಗೆ ಮಾಡದೆ ಕಟ್ಟು ಬಿಚ್ಚದ ಗುಮಾಸ್ತರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ನಿಮ್ಮ ಪರವಾಗಿ ಇಷ್ಟು ಹೇಳಿದೆ. ಇನ್ನು ನಾನು ಮೇಜಿನ ಆ ಕಡೆ ಹೋಗಿ ಕೂರುತ್ತೇನೆ. ಪತ್ರಿಕೆಗೆ ಬರುವ ಮೊದಲು ಹದಿನಾಲ್ಕು ತಿಂಗಳು ಕೂತ ಜಾಗ ಅದು. ಒಂದು ಸಿವಿಲ್ ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ತಾತ್ಕಾಲಿಕ ಗುಮಾಸ್ತನಾಗಿದ್ದೆ.

ಮೊದಲು ಆ ಪ್ರಶ್ನೆಯ ವಿಷಯ. ಅದು ಜಾರಿಕೊಳ್ಳುವ ಮಾತಲ್ಲ ಸ್ವಾಮಿ. ಪಾಲಿನ ದಾವೆಯಲ್ಲಿ ಡಿಕ್ರಿ ಸಾಮಾನ್ಯವಾಗಿ ಎರಡು ಸಲ ಆಗುತ್ತದೆ. ಯಾರಿಗೆ ಎಷ್ಟು ಪಾಲು ಎನ್ನುವುದು ಪ್ರಾಥಮಿಕ ಡಿಕ್ರಿ. ಯಾರಿಗೆ ಯಾವ ತುಂಡು ಎನ್ನುವುದು ಅಂತಿಮ ಡಿಕ್ರಿ. ಎರಡನೆಯದಕ್ಕೆ ಬೇರೆ ಅರ್ಜಿ, ಬೇರೆ ನಂಬರ್, ಎಷ್ಟೋ ಸಲ ಬೇರೆ ದಶಕ. ಅದೇ ಎಫ್‌ಡಿಪಿ, ಅಂದರೆ ಫೈನಲ್ ಡಿಕ್ರಿ ಪ್ರೊಸೀಡಿಂಗ್ಸ್. ಇದರ ನಡುವೆ ಸೋತವರು ಮೇಲಿನ ಕೋರ್ಟಿಗೆ ಹೋಗಿ, ಅಲ್ಲಿಂದ ಕರೆ ಬಂದರೆ ಕೆಳಗಿನ ಕಡತವೂ ಹೊರಡುತ್ತದೆ. ಎರಡನೇ ಮೇಲ್ಮನವಿಯಾದರೆ ಹೈಕೋರ್ಟಿನವರೆಗೂ ಹೋಗಿ ಬರುತ್ತದೆ. ಬಂದ ಮೇಲೆ ಎಫ್‌ಡಿಪಿ ಜೊತೆ ಸೇರಿಸಿ ಕಟ್ಟಿರುತ್ತಾರೆ. ಈಗ 1987ರ ಕಟ್ಟು ಬಿಚ್ಚಿದರೆ ಆ ನಂಬರಿನ ಜಾಗದಲ್ಲಿ ಒಂದು ಚೀಟಿ ಇರುತ್ತದೆ, ಅಷ್ಟೇ. ಅದೃಷ್ಟ ಕೆಟ್ಟಿದ್ದರೆ ಚೀಟಿಯೂ ಇರುವುದಿಲ್ಲ. ನೀವು ಎಫ್‌ಡಿಪಿ ನಂಬರ್ ಕೊಟ್ಟಿದ್ದರೆ ಐದು ವಾರ ಐದು ದಿನವಾಗುತ್ತಿತ್ತೇನೋ. ಅಂದ ಹಾಗೆ, ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸಬೇಕು, ಆ ಕಾಗದದ ಖರ್ಚು ಪಕ್ಷಗಾರರದು. ನಿಮ್ಮ ತಂದೆಯವರು ಬರೆಸಿದ್ದರೋ ಇಲ್ಲವೋ ಒಮ್ಮೆ ನೋಡಿಕೊಳ್ಳಿ. ಎಷ್ಟೋ ಮನೆಯವರು ಗೆದ್ದ ಖುಷಿಯಲ್ಲಿ ಅದನ್ನೇ ಮರೆತಿರುತ್ತಾರೆ.

ನಾನು ಸೇರಿದ ಎರಡನೇ ತಿಂಗಳಲ್ಲಿ ಒಂದು ಕಡತ ಕಳೆದೆ. ಹಳೆಯ ರಟ್ಟು ಹರಿದಿತ್ತು, ಹೊಸದು ಹಾಕಿ ಮೇಲೆ ನಂಬರ್ ಬರೆದೆ. ಹದಿನೈದು ದಿನದಲ್ಲಿ ಅದೇ ಕಡತಕ್ಕೆ ಕೋರ್ಟ್ ಹಾಲಿನಿಂದ ಕರೆ ಬಂತು. ಇಡೀ ರೂಮು ಜಾಲಾಡಿದರೂ ಇಲ್ಲ. ಕಡತ ಬಾರದ ಕಾರಣ ವಿಚಾರಣೆ ಮುಂದೆ ಹೋಯಿತು. ಆರ್ಡರ್ ಶೀಟಿನಲ್ಲಿ ಒಂದು ಸಾಲು ಬಿತ್ತು. ಅದು ನನ್ನ ದೆಸೆಯಿಂದ ಬಿದ್ದ ಸಾಲು. ನಾಲ್ಕನೇ ದಿನ ನಮ್ಮ ಹಿರಿಯ ಗುಮಾಸ್ತರು ರಜೆ ಮುಗಿಸಿ ಬಂದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಒಂದು ತುಂಡು ಕಾಗದ ಮುಂದಿಟ್ಟರು. "ಎಲ್ಲಿ, ಕನ್ನಡದಲ್ಲಿ ಒಂದು ಆರು ಬರಿ ನೋಡೋಣ" ಅಂದರು. ಬರೆದೆ. ಒಂದು ಗಳಿಗೆ ನೋಡಿದರು. ಏಣಿ ತೆಗೆದುಕೊಂಡು 1966ರ ಕಪಾಟು ದಾಟಿ ಸೀದಾ 1969ರ ಕಪಾಟಿಗೆ ಹೋದರು. ನನ್ನ ಆರು ಒಂಬತ್ತಿನ ಹಾಗಿತ್ತು. ಅಟೆಂಡರ್ ಪಾಪ ಓದಿದ ಹಾಗೆ ಇಟ್ಟಿದ್ದ. ಅವರು ಬೈಯಲಿಲ್ಲ. "ಕಳೆದದ್ದು ಅಂತ ಇಲ್ಲಿ ಏನೂ ಇರಲ್ಲ ಕಣಯ್ಯ, ಬೇರೆ ಕಡೆ ಇರತ್ತೆ" ಅಂದರು. ಅವತ್ತಿನಿಂದ ನಾನು ಇಸವಿಯನ್ನು ಇಂಗ್ಲಿಷ್ ಅಂಕಿಯಲ್ಲೇ ಬರೆಯುತ್ತಿದ್ದೇನೆ. ಕನ್ನಡ ಪತ್ರಿಕೆಯ ಸಂಪಾದಕ ಹೇಳಿಕೊಳ್ಳುವ ಮಾತಲ್ಲ ಇದು, ಇರಲಿ.

ನೀವು ತಂದ ನಕಲನ್ನು ಒಮ್ಮೆ ತಿರುವಿ ನೋಡಿ. ಕೊನೆಯ ಪುಟದಲ್ಲಿ ಮುದ್ರೆಯ ಪಕ್ಕ ತಾರೀಖುಗಳು ಇರುತ್ತವೆ. ಅರ್ಜಿ ಕೊಟ್ಟ ದಿನ, ನಕಲು ತಯಾರಾದ ದಿನ, ಕೈಗೆ ಕೊಟ್ಟ ದಿನ. ಸುಮ್ನೆ ಬರೆದದ್ದಲ್ಲ. ಮೇಲ್ಮನವಿ ಹಾಕಲು ಜಿಲ್ಲಾ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ ಗಡುವು. 1963ರ ಕಾಲಮಿತಿ ಕಾಯಿದೆಯ 12ನೇ ಕಲಂ ಪ್ರಕಾರ ನಕಲು ಪಡೆಯಲು ಹಿಡಿದ ದಿನಗಳನ್ನು ಆ ಲೆಕ್ಕದಿಂದ ಬಿಡುತ್ತಾರೆ. ಗುಮಾಸ್ತರು ಒಂದು ತಾರೀಖು ತಪ್ಪಿದರೆ ಒಬ್ಬರ ಮೇಲ್ಮನವಿ ತಡವಾಯಿತು ಅನ್ನಿಸಿಕೊಳ್ಳುತ್ತದೆ. ಆಮೇಲೆ ವಿಳಂಬ ಮನ್ನಿಸಿ ಎಂದು ಬೇರೆ ಅರ್ಜಿ, ಬೇರೆ ವಾದ, ಬೇರೆ ಫೀಸು. ತಾರೀಖು ಸರಿಯಿದ್ದಾಗ ಅದನ್ನು ಬರೆದವರ ನೆನಪು ಯಾರಿಗೂ ಬರುವುದಿಲ್ಲ, ಅಲ್ವಾ?

ಸ್ಕ್ಯಾನಿಂಗ್ ಬಗ್ಗೆ ಹೇಳಿದಿರಿ. ಬೇಡ ಅನ್ನುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 7,210 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 2,038 ಕೋಟಿ ಕಡತಗಳ ಸ್ಕ್ಯಾನಿಂಗಿಗೆ ಮತ್ತು ಅವನ್ನು ಕಂಪ್ಯೂಟರಿನಲ್ಲಿ ಕಾಪಾಡುವುದಕ್ಕೆ. ಒಳ್ಳೆಯದೇ. ಗೆದ್ದಲಿಗೆ ಕಂಪ್ಯೂಟರ್ ರುಚಿಸುವುದಿಲ್ಲ. ಆದರೆ ಯಂತ್ರಕ್ಕೆ ಕೊಡುವ ಮೊದಲು ಹೊಲಿಗೆ ಬಿಚ್ಚಿ, ಪುಟ ಎಣಿಸಿ, ಅನುಕ್ರಮಣಿಕೆಯ ಜೊತೆ ತಾಳೆ ನೋಡುವವರು ಯಾರು? ಕಾಗದದ ಬೆನ್ನು ನೋಡುವವರು ಯಾರು? ಬೆನ್ನು ಅಂದದ್ದು ಬೇಕಂತಲೇ. ಒಂದು ದಸ್ತಾವೇಜನ್ನು ಸಾಕ್ಷ್ಯವಾಗಿ ಗುರುತಿಸಿದಾಗ ದಾವೆಯ ನಂಬರ್, ಹಾಜರು ಮಾಡಿದವರ ಹೆಸರು, ತಾರೀಖು ಬರೆದು ನ್ಯಾಯಾಧೀಶರ ಸಹಿ ಹಾಕಬೇಕು ಎಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಆ ಷರಾ ಎಷ್ಟೋ ಸಲ ಹಿಂಬದಿಯಲ್ಲಿರುತ್ತದೆ. ಹಳೆಯ ಛಾಪಾ ಕಾಗದ ಯಾರಿಗೆ, ಯಾವತ್ತು ಮಾರಿದ್ದು ಎನ್ನುವ ವೆಂಡರ್ ಬರಹವೂ ಸಾಮಾನ್ಯವಾಗಿ ಅಲ್ಲೇ. ಹುಟ್ಟಿಸಿದ ಕ್ರಯಪತ್ರಗಳು ಸಿಕ್ಕಿಬೀಳುವುದು ಇಂಥ ಬೆನ್ನಿನ ಕಡೆಯಿಂದ. ಮುಂಬದಿ ಮಾತ್ರ ಸ್ಕ್ಯಾನ್ ಮಾಡಿ ಮೂಲವನ್ನು ಬಿಸಾಡಿದರೆ ಮುಗಿಯಿತು ಕಥೆ.

ಇನ್ನೂ ಒಂದು. 30 ವರ್ಷಕ್ಕಿಂತ ಹಳೆಯ ದಸ್ತಾವೇಜು ಇರಬೇಕಾದ ಕಡೆಯಿಂದ ಬಂದಿದ್ದರೆ, ಅದರ ಸಹಿ, ಬರವಣಿಗೆ ನಿಜವಾದದ್ದೇ ಎಂದು ಕೋರ್ಟು ಭಾವಿಸಬಹುದು. 1872ರ ಸಾಕ್ಷ್ಯ ಕಾಯಿದೆಯಲ್ಲಿ ಇದ್ದದ್ದು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯಿದೆಯಲ್ಲೂ ಇದೆ. ಇರಬೇಕಾದ ಕಡೆ ಎನ್ನುವ ಮಾತು ಗಮನಿಸಿ. ಕಾಗದದಲ್ಲಿ ಏನಿದೆ ಎನ್ನುವುದರ ಜೊತೆಗೆ ಅದು ಇಷ್ಟು ದಿನ ಎಲ್ಲಿತ್ತು ಎಂದೂ ಕಾನೂನು ಕೇಳುತ್ತದೆ. ನೀವು "ಕಾಗದ ಎತ್ತಿಡುವುದು" ಎಂದು ಮೂಗು ಮುರಿದದ್ದು ಈ ಕೆಲಸಕ್ಕೆ.

ಎತ್ತಿಡದಿದ್ದರೆ ಏನಾಗುತ್ತದೆ? 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಲಂಚದ ಪ್ರಕರಣ ಬಂತು. ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯಾಗಿತ್ತು, ಹೈಕೋರ್ಟು ಎತ್ತಿಹಿಡಿದಿತ್ತು. ಆದರೆ ವಿಚಾರಣೆಯ ಕಡತವೇ ಸಿಗಲಿಲ್ಲ. ದಾಖಲೆ ನೋಡದೆ ಶಿಕ್ಷೆ ಎತ್ತಿಹಿಡಿಯಲಾಗದು ಎಂದು ಅದನ್ನು ರದ್ದು ಮಾಡಿದರು. ಇದು ಕ್ರಿಮಿನಲ್ ಪ್ರಕರಣ, ನಿಮ್ಮದು ಸಿವಿಲ್. ಆದರೂ ಕಡತ ಇಲ್ಲದೆ ಎರಡು ಕೋರ್ಟುಗಳ ಕೆಲಸ ನೀರಿನಲ್ಲಿ ಹೋಮ ಆಯಿತಲ್ಲ.

ಕಡತ ಎಂಬ ಪದ ನನಗೆ ಇಷ್ಟ. ಬಟ್ಟೆಗೆ ಹುಣಸೆ ಬೀಜದ ಗಂಜಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ ಅದು. ವ್ಯಾಪಾರದವರು, ಶಾನುಭೋಗರು ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದಿವೆ. ಒರೆಸಿದರೆ ಅಳಿದುಹೋಗುವ ಬಳಪದ ಬರಹ ಯಾರೋ ಜೋಪಾನ ಮಾಡಿದ್ದರಿಂದ ನಮಗೆ ಓದಲು ಸಿಗುತ್ತಿದೆ. ನಾವು ಈಗ ಮಸಿಯಲ್ಲಿ ಬರೆದದ್ದನ್ನೂ ಉಳಿಸಿಕೊಳ್ಳುತ್ತಿಲ್ಲ. ಶಾಲೆಯ ಹಾಜರಿ ಪುಸ್ತಕ ಕೇಳಿ, ಸಂಘದ ನಡಾವಳಿ ಕೇಳಿ, ನಾಟಕ ಮಂಡಳಿಯ ಹಸ್ತಪ್ರತಿ ಕೇಳಿ. ಎಲ್ಲರದೂ ಒಂದೇ ಉತ್ತರ, ಗೆದ್ದಲು ತಿಂದಿತು. ಅಷ್ಟೊಂದು ಗೆದ್ದಲು ನಾಡಿನಲ್ಲಿ ಇಲ್ಲ. ನಾಶ ಮಾಡುವುದಕ್ಕೂ ಒಂದು ಕ್ರಮ ಬೇಕು ಎಂದು 1917ರಲ್ಲೇ ದಾಖಲೆಗಳ ನಾಶಕ್ಕೆಂದು ಒಂದು ಕಾಯಿದೆ ಮಾಡಿದರು. ಯಾವುದನ್ನು ಎಷ್ಟು ವರ್ಷ ಇಡಬೇಕೆಂದು ನಿಯಮ ನೋಡಿ, ಪಟ್ಟಿ ಮಾಡಿ, ಸಹಿ ಪಡೆದು ಆಮೇಲೆ ಸುಡಬೇಕು. ನಮ್ಮಲ್ಲಿ ಪಟ್ಟಿಯೂ ಇಲ್ಲ, ಸಹಿಯೂ ಇಲ್ಲ, ತೂಕಕ್ಕೆ ಹಾಕಿ ಕೈ ತೊಳೆದುಕೊಳ್ಳುತ್ತೇವೆ.

ಬೇರೆಯವರ ಮಾತು ಯಾಕೆ? ಈ ಪತ್ರಿಕೆಯ ಮೊದಲ ಎರಡು ವರ್ಷದ ಸಂಚಿಕೆಗಳು ನಮ್ಮ ಕಚೇರಿಯಲ್ಲೇ ಇಲ್ಲ. ಕೇಳಿದವರಿಗೆ ನಾವೂ ಗೆದ್ದಲಿನ ಹೆಸರು ಹೇಳುತ್ತೇವೆ. ನಿಜ ಏನೆಂದರೆ ಕಚೇರಿ ಬದಲಾಯಿಸುವಾಗ ಜಾಗ ಸಾಲದೆ ರದ್ದಿಗೆ ಹಾಕಿದೆವು. ಹಾಕಿ ಅಂದವನು ನಾನೇ. ರೆಕಾರ್ಡ್ ರೂಮಿನಲ್ಲಿ ಹದಿನಾಲ್ಕು ತಿಂಗಳು ಕೂತು ಎದ್ದು ಬಂದವನು! ಯಾರ ಮನೆಯ ಅಟ್ಟದ ಮೇಲಾದರೂ ಆ ಸಂಚಿಕೆಗಳಿದ್ದರೆ ದಯವಿಟ್ಟು ತಿಳಿಸಿ. ಬಂದು ತೆಗೆದುಕೊಂಡು ಹೋಗುತ್ತೇವೆ.

ಮತ್ತೆ ನಿಮ್ಮ ವಿಷಯ. ಮುಂದಿನ ಸಲ ಹೋಗುವಾಗ ದಾವೆ ನಂಬರ್, ಎಫ್‌ಡಿಪಿ ನಂಬರ್, ಮೇಲ್ಮನವಿ ನಂಬರ್, ತೀರ್ಪಿನ ತಾರೀಖು ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ತಂದೆಯವರ ವಕೀಲರ ಹಳೆಯ ಡೈರಿ ಸಿಕ್ಕರೆ ಎಲ್ಲ ಅದರಲ್ಲೇ ಇರುತ್ತದೆ. ಇಸವಿ ಮಾತ್ರ ಬಿಡಬೇಡಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನೀವು ನಮಗೆ ಬರೆದ ಎರಡು ಪುಟದ ಪತ್ರದಲ್ಲಿ ತಾರೀಖೇ ಇಲ್ಲ. ಅಂಚೆ ಮುದ್ರೆ ನೋಡಿ, ಮೇಲ್ಗಡೆ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ನಾನೇ ಬರೆದು ಫೈಲಿಗೆ ಹಾಕಿದ್ದೇನೆ.